ಅಡುಗೆಕೋಣೆಯ ಹೊಗೆ ಅಲಾರಮ್ಮಿಗೆ, ಬೆಣ್ಣೆಯ ವಿಷಯವಾಗಿ

ಮಾನ್ಯರೇ,

ಮೂರನೆಯ ಮಹಡಿಯ ಎಡಗಡೆ ಮನೆಯ ಅಡುಗೆಕೋಣೆಯಲ್ಲಿ, ಹನ್ನೊಂದು ವರ್ಷಗಳಿಂದ ಒಂದು ದಿನವೂ ರಜೆ ಕೇಳದೆ ಚಾವಣಿಗೆ ಅಂಟಿಕೊಂಡು ಕೆಲಸ ಮಾಡುತ್ತಿರುವ ತಮಗೆ, ಅದೇ ಮನೆಯ ಯಜಮಾನನೆಂದು ಬಾಗಿಲ ಮೇಲೆ ಮಾತ್ರ ಬರೆಸಿಕೊಂಡಿರುವ ನನ್ನ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಕೆಂಪು ದೀಪದ ಮಿಣುಕಿನಿಂದ ತಿಳಿಯಿತು. ನಾವೂ ಕ್ಷೇಮವೆಂದು ಬರೆಯಲು ಕೊಂಚ ಸಂಕೋಚವಾಗುತ್ತಿದೆ. ಆ ಸಂಕೋಚವೇ ಈ ಪತ್ರಕ್ಕೆ ಕಾರಣ.

ತಮ್ಮ ಮೇಲೆ ನನ್ನ ದೂರುಗಳು ಎರಡು. ಕೂಗುವ ಅಗತ್ಯವೇ ಇಲ್ಲದಾಗ ತಾವು ಮೂರು ಬಾರಿ ಕೂಗಿದಿರಿ. ಕೂಗಲೇಬೇಕಾಗಿದ್ದ ದಿನ ತುಟಿ ಪಿಟಕ್ಕೆನ್ನಲಿಲ್ಲ. ಎರಡನೆಯದರಲ್ಲಿ ನನ್ನ ಪಾಲೂ ಸ್ವಲ್ಪ ಇದೆ. ಅದನ್ನು ಮುಂದೆ ಸೂಕ್ತವಾದ ಜಾಗದಲ್ಲಿ, ಆದಷ್ಟು ಸಣ್ಣ ದನಿಯಲ್ಲಿ ನಿವೇದಿಸಿಕೊಳ್ಳುತ್ತೇನೆ.

ಔಷಧಿ ಡಬ್ಬಿಗಳೊಳಗೆ ಎಂಟು ಮಡಿಕೆಯಾಗಿ ಮಲಗಿರುವ, ಯಾರೂ ಬಿಡಿಸಿ ಓದದ ಸೂಚನಾಪತ್ರಗಳನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ನಾನು ಕರಡು ತಿದ್ದುವವನು. ಇಪ್ಪತ್ತೆರಡು ವರ್ಷ ದಿನವಿಡೀ ಅಡ್ಡಪರಿಣಾಮಗಳನ್ನೇ ಓದುತ್ತ ಬಂದವನಿಗೆ ಅವುಗಳಲ್ಲಿ ಒಂದೂ ಬಾರದೆ ಇರುವುದು ಕಷ್ಟ. ತಲೆಸುತ್ತು ಎಂಬುದನ್ನು ತಿದ್ದಿದ ದಿನ ತಲೆ ಸುತ್ತುತ್ತದೆ, ಅಪರೂಪಕ್ಕೆ ತುರಿಕೆ ಎಂದಿದ್ದರೆ ಅಪರೂಪಕ್ಕೆ ತುರಿಸುತ್ತದೆ. ಇಂಥವನ ಫೋನಿನೊಳಗೆ ಎರಡು ತಿಂಗಳ ಹಿಂದೆ ಬಹಳ ಒಳ್ಳೆಯ ಹಲ್ಲುಗಳಿದ್ದ ಒಬ್ಬ ಮನುಷ್ಯ ಕಾಣಿಸಿಕೊಂಡು, ಮನುಕುಲದ ಸಕಲ ಕಾಯಿಲೆಗಳಿಗೂ ಬೀಜದಿಂದ ತೆಗೆದ ಎಣ್ಣೆಯೇ ಮೂಲವೆಂದು ಘೋಷಿಸಿದ. ಅವನು ‘ಕೀಲುನೋವು’ ಎಂದ ಕ್ಷಣಕ್ಕೆ ಸರಿಯಾಗಿ ನನ್ನ ಎಡ ಮಂಡಿ ಲಟಕ್ಕೆಂದಿತು. ಇದಕ್ಕಿಂತ ಹೆಚ್ಚಿನ ಪುರಾವೆ ನನಗೆ ಬೇಕಾಗಲಿಲ್ಲ.

ಹಳದಿ ಹೂವಿನ ಚಿತ್ರವಿದ್ದ ಎಣ್ಣೆ ಬಾಟಲಿಯನ್ನು ಅಂದೇ ಅಟ್ಟಕ್ಕೆ ಗಡಿಪಾರು ಮಾಡಿದೆ. ಅದರ ಜಾಗಕ್ಕೆ ಗಾಣದ ಕೊಬ್ಬರಿ ಎಣ್ಣೆ ತಂದಾಗ ನನ್ನ ಅತ್ತೆಯವರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, “ಅಳಿಯಂದ್ರೇ, ತೆಂಗಿನಕಾಯಿನೂ ಬೀಜನೇ ಅಲ್ವಾ? ನೆಟ್ರೆ ಗಿಡ ಬರುತ್ತಲ್ಲ?” ಎಂದರು. ನಾನು ಎರಡು ದಿನ ಯೋಚಿಸಿ ಬೆಣ್ಣೆಗೆ ಬಂದು ನಿಂತೆ. ಬೆಣ್ಣೆಯಲ್ಲಿ ನನಗೆ ಮೊದಲಿಂದಲೂ ವಿಶ್ವಾಸವಿತ್ತು. ನಾನು ಓದುವುದೆಲ್ಲ ದೂರದ ಭಾಷೆಗಳಿಂದ ಅನುವಾದವಾಗಿ ಬಂದ ಕಾದಂಬರಿಗಳು. ಅವುಗಳಲ್ಲಿ ಎಲ್ಲರೂ ಬೆಣ್ಣೆಯಲ್ಲೇ ಹುರಿದುಕೊಂಡು ತಿನ್ನುತ್ತಾರೆ, ಮತ್ತು ಸಾಯುವವರು ಪ್ರೇಮದಿಂದಲೋ ಯುದ್ಧದಿಂದಲೋ ಸಾಯುತ್ತಾರೆಯೇ ಹೊರತು ಎದೆನೋವಿನಿಂದ ಸತ್ತವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಬೆಣ್ಣೆಯನ್ನು ಕಾಯಿಸಿ ಸೋಸಿಕೊಂಡರೆ ಅಷ್ಟು ಬೇಗ ಹೊಗೆಯಾಡುವುದಿಲ್ಲವೆಂದು ಅತ್ತೆಯವರು ಹೇಳಿದರು. ಬೆಂಕಿ ಮುಟ್ಟಿದ ಮೇಲೆ ಅದು ನೈಸರ್ಗಿಕವಾಗಿ ಉಳಿಯುವುದಿಲ್ಲವೆಂದು ನಾನು ವಿವರಿಸಿದೆ. ವಿವರಿಸಿದವನೇ ಅದನ್ನು ಬಾಣಲೆಗೆ ಹಾಕಿ ಬೆಂಕಿಯ ಮೇಲಿಟ್ಟೆ.

ಹನ್ನೊಂದು ವರ್ಷ ಮೌನವಾಗಿದ್ದ ತಾವು ಮೂರನೆಯ ನಿಮಿಷಕ್ಕೆ ಬಾಯಿ ತೆರೆದಿರಿ. ತಮ್ಮ ಕಂಠಸಿರಿಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಅದು ಮುಗಿದು ಒಂದು ಗಂಟೆಯಾದರೂ ನನ್ನ ಕಿವಿ ಅದನ್ನೇ ಹಾಡಿಕೊಳ್ಳುತ್ತಿತ್ತು. ಯಾವ ಮನೆಯ ಅಲಾರಂ ಕೂಗಿದರೂ ಎಲ್ಲ ಮನೆಯವರೂ ಇಳಿದು ಸೈಕಲ್ ಶೆಡ್ಡಿನ ಬಳಿ ನಿಲ್ಲಬೇಕೆಂಬುದು ನಮ್ಮ ಕಟ್ಟಡದ ನಿಯಮ. ಹೀಗಾಗಿ ಪಿಟೀಲು ಮೇಷ್ಟ್ರು ಒಂದೇ ಕಾಲುಚೀಲದಲ್ಲಿಯೂ, ನೆಲಮಹಡಿಯ ಹಲ್ಲಿನ ಡಾಕ್ಟರು ಅರ್ಧ ಗಡ್ಡದಲ್ಲಿಯೂ ಬಂದು ನಿಂತು, ನಾನು ಎರಡು ಮೊಟ್ಟೆ ಹುರಿದ ವಿಷಯವನ್ನು ಗೌರವದಿಂದ ಆಲಿಸಿದರು. ಎರಡನೆಯ ಬಾರಿಗೆ ಡಾಕ್ಟರು, “ಇವತ್ತು ಯಾವ್ದು ಸಾರ್? ಉಪ್ಪಿಂದೋ ಸಪ್ಪೆದೋ?” ಎಂದು ಕೇಳುವಷ್ಟು ಬೆಣ್ಣೆಯಲ್ಲಿ ಪಳಗಿದ್ದರು. “ರೀ, ನಿಮ್ಮ ಆರೋಗ್ಯಕ್ಕೋಸ್ಕರ ಇಡೀ ಬಿಲ್ಡಿಂಗು ವ್ಯಾಯಾಮ ಮಾಡ್ತಿದೆ” ಎಂದಳು ನನ್ನ ಹೆಂಡತಿ. ಶಾಲೆಯಲ್ಲಿ ಭೂಗೋಳ ಕಲಿಸುವ ಅವಳು ಇಂಥದ್ದನ್ನು ನಗದೆಯೇ ಹೇಳುತ್ತಾಳೆ.

ಮೂರನೆಯ ಬಾರಿ ತಾವು ಕೂಗಿದಾಗ ನಗು ನಿಂತಿತು. ಅತ್ತೆಯವರಿಗೆ ಎಪ್ಪತ್ತಾರು ವರ್ಷ. ಮಂಡಿಗಳು ಎರಡೂ ಹೋಗಿವೆ, ಎದೆಯಲ್ಲಿ ಉಬ್ಬಸವಿದೆ. ನಲವತ್ತೆರಡು ಮೆಟ್ಟಿಲುಗಳಲ್ಲಿ ಹದಿನೆಂಟನೆಯದರ ಮೇಲೆ ಕುಳಿತು, ಉಸಿರು ಹಿಡಿದುಕೊಂಡು, “ನೀವೆಲ್ಲ ಹೋಗ್ಬನ್ನಿ. ನಾನು ಬೇಕಾದ್ರೆ ಇಲ್ಲೇ ಸುಟ್ಕೊಂಡು ಕೂತಿರ್ತೀನಿ” ಎಂದರು. ಆಮೇಲೆ ಮನೆಯಲ್ಲಿ ನಾನು ತಮ್ಮನ್ನು ಬೈಯುತ್ತಿದ್ದರೆ, ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಅವರು ತಮ್ಮ ಪಕ್ಷವನ್ನೇ ವಹಿಸಿದರು: “ಅದನ್ಯಾಕೆ ಬೈತೀರಾ? ಬಡ್ಕೊಳ್ಳೋದು ಅದರ ಕೆಲಸ, ಎತ್ಕೊಳ್ಳೋದು ನಮ್ಮ ಕೆಲಸ.”

ಸೂಕ್ತವಾದ ಜಾಗ ಬಂದಿದೆ. ಮಾರನೆಯ ದಿನ ಮನೆಯಲ್ಲಿ ಯಾರೂ ನೋಡದಾಗ ಸ್ಟೂಲು ಹತ್ತಿ, ತಮ್ಮ ಹೊಟ್ಟೆಯೊಳಗಿನ ಎರಡು ಪೆನ್ಸಿಲ್ ಸೆಲ್ಲುಗಳನ್ನು ತೆಗೆದವನು ನಾನು. ಅದನ್ನು ಅತ್ತೆಯವರ ಮಂಡಿಗಳ ಹೆಸರಿನಲ್ಲಿ ಮಾಡಿದೆ. ದೊಡ್ಡ ತಪ್ಪುಗಳನ್ನು ನಾನು ಇನ್ನೊಬ್ಬರ ಹಿತಕ್ಕಾಗಿಯೇ ಮಾಡುವುದು ರೂಢಿ. ಸೆಲ್ಲುಗಳು ದಂಡವಾಗಬಾರದೆಂದು ಅವನ್ನು, ಬಹಳ ದಿನದಿಂದ ಸುಮ್ಮನಿದ್ದ ಅವರ ರೇಡಿಯೋಗೆ ಹಾಕಿಕೊಟ್ಟೆ. ಅವರು ನನ್ನ ತಲೆ ಸವರಿದರು.

ಕಳೆದ ಬುಧವಾರ ನನಗೆ ವಾರದ ರಜೆ. ಹೆಂಡತಿ ಶಾಲೆಯಲ್ಲಿದ್ದಳು. ಅತ್ತೆಯವರು ಅಡುಗೆಕೋಣೆಯ ಪಕ್ಕದ ತಮ್ಮ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಮಲಗಿದ್ದರು. ತಮ್ಮಿಂದ ಕಿತ್ತ ಪ್ರಾಣ ಅವರ ತಲೆದಿಂಬಿನ ಪಕ್ಕದ ರೇಡಿಯೋದೊಳಗೆ ಕುಳಿತು ಹಳೆಯ ಹಾಡುಗಳನ್ನು ಹಾಡುತ್ತಿತ್ತು. ಆಲೂಗಡ್ಡೆ ಹುರಿಯಲು ದೊಡ್ಡದೊಂದು ಉಂಡೆ ಬೆಣ್ಣೆಯನ್ನು ಬಾಣಲೆಗೆ ಹಾಕಿ, ಅದು ಕರಗುವವರೆಗೆ ಒಂದು ಪುಟ ಓದೋಣವೆಂದು ಹಜಾರದಲ್ಲಿ ಕುಳಿತೆ. ಕಾದಂಬರಿಯಲ್ಲಿ ಹಿಮ ಬೀಳುತ್ತಿತ್ತು, ಗುಡಿಸಲಿನಲ್ಲಿ ಮುದುಕನೊಬ್ಬ ಒದ್ದೆ ಸೌದೆಗೆ ಬೆಂಕಿ ಹಚ್ಚುತ್ತಿದ್ದ. ಹೊಗೆಯ ವಾಸನೆ ನನ್ನ ಮೂಗಿಗೇ ಬಂತು. ಎಂಥ ಅನುವಾದ ಎಂದು ತಲೆದೂಗಿ, ಅನುವಾದಕರ ಹೆಸರನ್ನು ಇನ್ನೊಮ್ಮೆ ನೋಡಲು ಮೊದಲ ಪುಟಕ್ಕೆ ಹೋದೆ. ಆ ಪುಟ ಮಸುಕಾಗಿ ಕಂಡಾಗ ಕನ್ನಡಕ ಒರೆಸಿಕೊಂಡೆ. ಒಳಗಿನಿಂದ ಅತ್ತೆಯವರ ಕೆಮ್ಮು ಕೇಳಿದ ಮೇಲೆಯೇ ನಾನು ಎದ್ದದ್ದು.

ಬಾಣಲೆಯ ತುಂಬ ಉರಿ, ಮೊಳೆಗೆ ನೇತುಹಾಕಿದ್ದ ಒರೆಸುಬಟ್ಟೆಗೂ ಅದು ಹತ್ತಿತ್ತು. ನಾನು ನೀರಿನ ತಂಬಿಗೆ ಎತ್ತಿಕೊಂಡಿದ್ದೆ. ಅತ್ತೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು, ಗೋಡೆ ಹಿಡಿದು ಬಂದವರು, “ನೀರು ಹಾಕ್ಬೇಡಿ! ಎಣ್ಣೆಬೆಂಕಿಗೆ ನೀರು ಹಾಕ್ತಾರಾ? ಮುಚ್ಚಳ ಎಲ್ಲಿ?” ಎಂದು ಕೂಗಿದರು. ಮುಚ್ಚಳ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಅವರೇ ತೆಗೆದು, ಅವರೇ ಮುಚ್ಚಿ, ಗ್ಯಾಸು ತಿರುಗಿಸಿ, ಉರಿಯುತ್ತಿದ್ದ ಬಟ್ಟೆಯನ್ನು ಕಿತ್ತು ಸಿಂಕಿಗೆ ಎಸೆದರು. ಬಲಗೈಯ ಎರಡು ಬೆರಳಿಗೆ ಬೊಬ್ಬೆ ಬಂದವು. ಆ ರಾತ್ರಿಯೆಲ್ಲ, ಮತ್ತು ಮುಂದಿನ ನಾಲ್ಕು ದಿನ, ಅವರು ಕೆಮ್ಮಿದರು. ಒಂದೊಂದು ಕೆಮ್ಮಿಗೂ ನಾನು ಇನ್ನೊಂದು ಬರುತ್ತದೆಯೋ ಇಲ್ಲವೋ ಎಂದು ಎಣಿಸುತ್ತ ಕುಳಿತಿದ್ದೆ. ಅವರ ಎದೆ ಪರೀಕ್ಷಿಸಿದ ಆಸ್ಪತ್ರೆಯ ಡಾಕ್ಟರನ್ನು, ಯಾವ ಎಣ್ಣೆ ಒಳ್ಳೆಯದೆಂದು ಆಗಲೂ ಕೇಳಿದವನು ನಾನು. “ಯಾವ್ದಾದ್ರೂ ಸರಿ, ಸ್ವಲ್ಪ ಕಮ್ಮಿ ಹಾಕಿ. ಒಲೆ ಮುಂದೆ ನಿಂತ್ಕೊಳ್ಳಿ” ಎಂದರು. ಬೀಜದ ಎಣ್ಣೆ ನನ್ನನ್ನು ಮೂವತ್ತು ವರ್ಷಗಳಲ್ಲಿ ಕೊಲ್ಲುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮಾತ್ರ ಅವರನ್ನು ಮೂರು ನಿಮಿಷದಲ್ಲಿ ಕೊಲ್ಲುವುದರಲ್ಲಿದ್ದೆ.

ಆ ಬುಧವಾರ ಸಂಜೆಯೇ ಹೆಂಡತಿ ಗೋಡೆಯ ಮಸಿ ನೋಡಿ, ಅಲಾರಂ ಕೂಗಲಿಲ್ಲವೇ ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಅತ್ತೆಯವರು, “ಬಡ್ಕೊಂಡ್ತು ಕಣೇ, ಬಡ್ಕೊಂಡ್ತು. ಅದಕ್ಕೇ ನಿನ್ ಗಂಡ ಓಡೋಡಿ ಬಂದ್ರು” ಎಂದುಬಿಟ್ಟರು. ಹೆಂಡತಿ ನನ್ನ ಕಡೆ ಬಹಳ ದಿನಗಳ ಮೇಲೆ ಒಳ್ಳೆಯ ಕಣ್ಣಿನಿಂದ ನೋಡಿ, ಕಾಫಿ ಮಾಡಿ ತಂದುಕೊಟ್ಟಳು. ನಾನು ಅದನ್ನು ಕುಡಿದೆ. ಅವಳು ಆಚೆ ಹೋದ ಮೇಲೆ ಅತ್ತೆಯವರು ಎಡಗೈಯಿಂದ ರೇಡಿಯೋದ ಬೆನ್ನು ಬಿಚ್ಚಿ, ಎರಡು ಸೆಲ್ಲುಗಳನ್ನು ಮೇಜಿನ ಮೇಲೆ ನನ್ನತ್ತ ಉರುಳಿಸಿದರು. “ಎಲ್ಲಿಂದ ತಂದ್ರೋ ಅಲ್ಲಿಗೇ ಹಾಕಿ” ಎಂದರು. ಅಷ್ಟೇ.

ಹಾಕಿದ್ದೇನೆ. ಹಾಕುವ ಮೊದಲು, ಡ್ರಾಯರಿನ ತಳದಲ್ಲಿ ಹನ್ನೊಂದು ವರ್ಷದಿಂದ ಮಡಿಕೆ ಬಿಚ್ಚದೆ ಬಿದ್ದಿದ್ದ ತಮ್ಮ ಸೂಚನಾಪತ್ರವನ್ನು ತೆಗೆದು ಓದಿದೆ. ಅಡುಗೆಯ ಹೊಗೆಗೆ ಕೂಗಿದರೆ ನಡುವಿನ ಗುಂಡಿಯನ್ನು ಒಮ್ಮೆ ಒತ್ತಬೇಕು, ಅಲಾರಂ ಹತ್ತು ನಿಮಿಷ ಸುಮ್ಮನಿದ್ದು ತಾನೇ ಎಚ್ಚರಗೊಳ್ಳುತ್ತದೆ, ಯಾವ ಕಾರಣಕ್ಕೂ ಸೆಲ್ ತೆಗೆಯಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನಮ್ಮದೇ ಮುದ್ರಣಾಲಯದ ಹೆಸರಿದೆ; ಔಷಧಿಯದಲ್ಲದ ಇಂಥ ಪತ್ರಗಳೂ ನಮ್ಮಲ್ಲಿ ಆಗೀಗ ಅಚ್ಚಾಗುತ್ತವೆ. ಅದರ ಕರಡು ತಿದ್ದಿದವನು ನಾನೇ. ಪತ್ರದಲ್ಲಿ ಒಂದೂ ಅಚ್ಚಿನ ತಪ್ಪಿಲ್ಲ. ಅಷ್ಟು ಗಮನವಿಟ್ಟು ಓದಿದ್ದೆ.

ಆದ್ದರಿಂದ ನನ್ನ ಎರಡೂ ದೂರುಗಳನ್ನು ಹಿಂದಕ್ಕೆ ಪಡೆದು, ಅವುಗಳ ಬದಲಿಗೆ ಒಂದು ಅಹವಾಲು ಸಲ್ಲಿಸುತ್ತಿದ್ದೇನೆ. ತಾವು ಬೆಣ್ಣೆಯ ಹೊಗೆಗೆ ಮಾತ್ರವಲ್ಲದೆ, ಆ ಒಳ್ಳೆಯ ಹಲ್ಲುಗಳ ಮನುಷ್ಯ ಫೋನಿನಲ್ಲಿ ಬಾಯಿ ತೆರೆದಾಗಲೂ, ನಾನು ಇನ್ನೊಬ್ಬರ ಹಿತಕ್ಕಾಗಿ ಸ್ಟೂಲು ಹತ್ತಿದಾಗಲೂ, ನನ್ನ ಬಾಯಿಂದ ಬರಬೇಕಾದ ಸತ್ಯ ಕಾಫಿಯ ಜೊತೆ ಗಂಟಲಲ್ಲಿ ಇಳಿಯುವಾಗಲೂ ಕೂಗುವ ಕೃಪೆ ಮಾಡಬೇಕು. ಹೂವಿನ ಬಾಟಲಿ ಅಟ್ಟದಿಂದ ಇಳಿದಿದೆ. ಬೆಣ್ಣೆಯನ್ನು ಅತ್ತೆಯವರು ಬ್ಯಾಂಡೇಜಿನ ಕೈಯಲ್ಲಿ ತೋರಿಸಿಕೊಟ್ಟಂತೆ ಕಾಯಿಸಿ ಸೋಸಿಟ್ಟಿದ್ದೇನೆ. ಅದು ಕಾಯುವಷ್ಟು ಹೊತ್ತೂ ಒಲೆಯ ಮುಂದೆಯೇ, ಪುಸ್ತಕವಿಲ್ಲದೆ, ನಿಂತಿದ್ದೆ.

ತಮ್ಮ ವಿಶ್ವಾಸಕ್ಕೆ ಇನ್ನೂ ಪಾತ್ರನಾಗದಿದ್ದರೂ
ತಮ್ಮ ವಿಶ್ವಾಸಿ,
ಮೂರನೆಯ ಮಹಡಿ, ಎಡಗಡೆ ಮನೆ

ಮರೆತ ಮಾತು: ಈ ಪತ್ರದ ಒಂದು ಪ್ರತಿಯನ್ನು ಕೆಳಗಿನ ಸೂಚನಾ ಫಲಕದಲ್ಲಿ, ನೀರಿನ ಟ್ಯಾಂಕು ತೊಳೆಯುವ ಪ್ರಕಟಣೆಯ ಪಕ್ಕದಲ್ಲೇ ಅಂಟಿಸಿದ್ದೇನೆ. ನನ್ನ ಹೆಂಡತಿ ಐದು ಗಂಟೆಗೆ ಶಾಲೆಯಿಂದ ಬರುತ್ತಾಳೆ, ಆ ಫಲಕದಲ್ಲಿರುವುದನ್ನೆಲ್ಲ ಓದಿಯೇ ಮೆಟ್ಟಿಲು ಹತ್ತುತ್ತಾಳೆ. ಐದೂಕಾಲರ ಹೊತ್ತಿಗೆ ನಮ್ಮ ಮನೆಯಿಂದ ದೊಡ್ಡ ಶಬ್ದ ಕೇಳಿಬಂದರೆ ನೆರೆಹೊರೆಯವರು ಗಾಬರಿಯಾಗಬಾರದಾಗಿ ವಿನಂತಿ, ಅದು ಅಲಾರಮ್ಮಿನದಲ್ಲ. ಸೈಕಲ್ ಶೆಡ್ಡಿಗೆ ಯಾರೂ ಇಳಿಯಬೇಕಾಗಿಲ್ಲ. ನಾನೊಬ್ಬನೇ ಇಳಿದು ಬರುತ್ತೇನೆ.