ಐದನೇ ಆಲ್ಬಮನ್ನು ಏಳನೇ ಸ್ಥಾನದಿಂದ ಮೊದಲನೇ ಸ್ಥಾನಕ್ಕೆ ಏರಿಸಲು ಅನುಮತಿ ಕೋರಿ

ಇಂದ,
ಕಾರ್ಯದರ್ಶಿ,
ಪ್ರೋಗ್ರೆಸಿವ್ ರಾಕ್ ಅಭಿಮಾನಿಗಳ ಸಂಘ (ಒಟ್ಟು ಸದಸ್ಯರು ಮೂವರು),
ಅರ್ಜಿದಾರನ ಕನ್ನಡಕದ ಅಂಗಡಿಯ ಹಿಂಬದಿ ಕೋಣೆ.

ಗೆ,
ಮಾನ್ಯ ಅಧ್ಯಕ್ಷರು,
ಅದೇ ಸಂಘ.
(ವೃತ್ತಿಯಿಂದ ಲಿಫ್ಟ್ ಮೆಕ್ಯಾನಿಕ್, ಸಂಬಂಧದಿಂದ ಅರ್ಜಿದಾರನ ಅಕ್ಕನ ಗಂಡ)
ವಾಸ: ಎರಡು ಬೀದಿ ಆಚೆ, ಮೂರನೇ ಮಹಡಿ.

ದಿನಾಂಕ: ಭಾನುವಾರ, ಬೆಳಿಗ್ಗೆ ಹತ್ತೂಕಾಲು.

ವಿಷಯ: ಐದನೇ ಆಲ್ಬಮ್ ಕುರಿತು ಅರ್ಜಿದಾರನ ಅಭಿಪ್ರಾಯ ಬದಲಾವಣೆ ಹಾಗೂ ನಡಾವಳಿ ಪುಸ್ತಕದ ಒಂದು ವಾಕ್ಯವನ್ನು ಹೊಡೆದುಹಾಕುವ ಬಗ್ಗೆ.

ಉಲ್ಲೇಖ: (ಅ) ಸಂಘದ ನಿಯಮ ನಾಲ್ಕು: "ಸದಸ್ಯನು ತನ್ನ ಅಭಿಪ್ರಾಯ ಬದಲಿಸಬೇಕಾದಲ್ಲಿ ಅಧ್ಯಕ್ಷರಿಗೆ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು."
(ಆ) ಏಳು ತಿಂಗಳ ಹಿಂದಿನ ಸಭೆಯ ನಡಾವಳಿ, ಪುಟ ೨೧೨.
(ಇ) ಅಕ್ಕ ಮೊನ್ನೆ ಮೆಟ್ಟಿಲ ಮೇಲೆ ಹೇಳಿದ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕೆಳಗೆ ಸಹಿ ಮಾಡಿರುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ತಮಗೆ ಗೊತ್ತಿರುವುದನ್ನೇ ತಮಗೆ ಮತ್ತೆ ತಿಳಿಸುವುದು ಅರ್ಜಿಗಳ ಪದ್ಧತಿಯಾದ ಕಾರಣ ಮೊದಲಿನಿಂದ ಹೇಳುತ್ತೇನೆ. ನಮ್ಮ ಸಂಘಕ್ಕೆ ಹನ್ನೊಂದು ವರ್ಷ. ಅಧ್ಯಕ್ಷರು ತಾವು, ಕಾರ್ಯದರ್ಶಿ ನಾನು, ಉಳಿದ ಎಲ್ಲ ಹುದ್ದೆಗಳೂ ಮೂರನೇ ಸದಸ್ಯರಾದ ಬೇಕರಿಯವರದು. ನಾವು ಮೆಚ್ಚಿದ ಬ್ಯಾಂಡ್ ಏಳು ಆಲ್ಬಮ್ ಮಾಡಿ, ಒಳಗೊಳಗೇ ಜಗಳವಾಡಿ, ಚದುರಿಹೋಯಿತು. ಅವರು ಅರ್ಧಕ್ಕೆ ಬಿಟ್ಟ ಜಗಳವನ್ನು ನಾವು ಎತ್ತಿಕೊಂಡೆವು. ಏಳು ಆಲ್ಬಮ್‌ಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎಂಬ ಒಂದೇ ಪ್ರಶ್ನೆಗೆ ಐನೂರಕ್ಕೂ ಹೆಚ್ಚು ಭಾನುವಾರದ ಬೆಳಗಿನ ಸಭೆಗಳು ಸಂದಿವೆ. ಇನ್ನೂ ಬಗೆಹರಿದಿಲ್ಲ.

೨. ಸಂಘ ಹುಟ್ಟಿದ ಹೊಸದರಲ್ಲಿ ನಾವು ಮೂವರೂ ತಮ್ಮ ಮನೆಯಲ್ಲಿ ಒಟ್ಟಿಗೆ ಕೂತು ಕೇಳುತ್ತಿದ್ದೆವು. ತಾವು ಸದ್ದು ಏರಿಸುವುದು, ನಾನು ಎದ್ದು ಇಳಿಸುವುದು, ಬೇಕರಿಯವರು ನಡುವೆ ಕೆಮ್ಮುವುದು, ಹೀಗೇ ಮೂರು ವಾರ ನಡೆದು ಮೊದಲನೇ ಆಲ್ಬಮ್‌ನ ಮೊದಲನೇ ಬದಿಯನ್ನು ದಾಟಲಿಕ್ಕಾಗಲಿಲ್ಲ. ಆದ್ದರಿಂದ ನಾನು ನಿಯಮ ಒಂದನ್ನು ಬರೆದೆ: "ಕೇಳುವುದು ಅವರವರ ಮನೆಯಲ್ಲಿ, ಜಗಳ ಅಂಗಡಿಯಲ್ಲಿ." ತಾವು ಬೆನ್ನು ತಟ್ಟಿ ಸಹಿ ಹಾಕಿದಿರಿ. ಮುಂದೆ ಬರುವ ಅನಾಹುತಕ್ಕೆಲ್ಲ ಈ ನಿಯಮವೇ ಮೂಲ ಎಂಬುದನ್ನು ದಯವಿಟ್ಟು ಗಮನಿಸುವುದು.

೩. ಮೊದಲ ನಾಲ್ಕು ಆಲ್ಬಮ್‌ಗಳಲ್ಲಿ ಗಿಟಾರ್ ನುಡಿಸಿದವನು ಗಡ್ಡದವನು. ಅವನು ಬಿಟ್ಟುಹೋದ ಮೇಲೆ ಐದನೆಯದಕ್ಕೆ ಬಂದವನು ಎಡಗೈಯವನು. ನಾನು ಗಡ್ಡದವನ ಪಕ್ಷ. ಅವನು ಒಂದು ಸ್ವರ ಹಿಡಿದರೆ, ನಾನು ಒಂದು ಜೊತೆ ಕನ್ನಡಕದ ಗಾಜು ಒರೆಸಿ ಮುಗಿಸುವವರೆಗೂ ಬಿಡುವುದಿಲ್ಲ. ತಾವು ಎಡಗೈಯವನ ಪಕ್ಷ. ಬೇಕರಿಯವರು ಯಾರು ಕೊನೆಗೆ ಮಾತಾಡಿದರೋ ಅವರ ಪಕ್ಷ. ಜಗತ್ತಿನ ಹತ್ತು ಮಂದಿ ಶ್ರೇಷ್ಠ ಗಿಟಾರಿಸ್ಟ್‌ಗಳ ಪಟ್ಟಿ ಮಾಡಲು ಕೂತ ದಿನ ತಮಗೆ ನೆನಪಿರಬಹುದು. ನಡಾವಳಿ ಪುಸ್ತಕದಲ್ಲಿ ಹೀಗಿದೆ:

"ವೇಗದಲ್ಲಿ ಏನಿದೆ ಭಾವ? ಬೆರಳು ಓಡಿಸೋದೇ ದೊಡ್ಡದಾದ್ರೆ ಟೈಪಿಸ್ಟೂ ಓಡಿಸ್ತಾನೆ" ಎಂದು ಕಾರ್ಯದರ್ಶಿ.

"ಟೈಪಿಸ್ಟ್ ಹೊಡೆದಿದ್ದನ್ನ ಓದಿ ಯಾವತ್ತಾದ್ರೂ ಯಾರಾದ್ರೂ ಅತ್ತಿದ್ದಾರೇನೋ?" ಎಂದು ಅಧ್ಯಕ್ಷರು.

"ನಮ್ಮಪ್ಪ ಅತ್ತಿದ್ರು. ವರ್ಗಾವಣೆ ಆರ್ಡರ್ ಬಂದಾಗ" ಎಂದು ಬೇಕರಿಯವರು.

ಸಭೆ ಅಲ್ಲಿಗೆ ಮುಗಿಯಿತು. ಪಟ್ಟಿಯಲ್ಲಿ ಒಂದೂ ಹೆಸರಿಲ್ಲ.

೪. ಈಗ ಐದನೇ ಆಲ್ಬಮ್. ಅದರ ಎರಡನೇ ಬದಿ ಪೂರ್ತಿ ಒಂದೇ ಹಾಡು, ಇಪ್ಪತ್ತಮೂರು ನಿಮಿಷ. ನಟ್ಟನಡುವೆ ಏಳು ನಿಮಿಷ ಎಡಗೈಯವನ ಗಿಟಾರ್ ಸೋಲೋ. ಇಂಥ ಗಿಟಾರ್ ಇನ್ನೊಂದಿಲ್ಲ ಎಂಬುದು ತಮ್ಮ ವಾದ. ನನಗೆ ಅಲ್ಲಿ ಕೇಳಿಸುತ್ತಿದ್ದುದು ಆರ್ಗನ್, ಡ್ರಮ್ಸ್, ಮತ್ತು ಇನ್ನೇನೋ ಶುರುವಾಗಬಹುದು ಎಂಬ ನಿರೀಕ್ಷೆ. ಏಳು ನಿಮಿಷವಾದರೂ ಏನೂ ಶುರುವಾಗುತ್ತಿರಲಿಲ್ಲ. ಸಂಬಳ ಎಣಿಸಿಕೊಂಡು ಸುಮ್ಮನೆ ನಿಂತಿದ್ದಾನೆ ಭೂಪ ಎಂದುಕೊಂಡೆ. ಆದ ಕಾರಣ ಆ ಆಲ್ಬಮನ್ನು ಏಳನೇ ಸ್ಥಾನಕ್ಕೆ ತಳ್ಳಿದೆ. ಅಷ್ಟಕ್ಕೆ ಸುಮ್ಮನಿರದೆ ಸಂಘದ ಕೈಬರಹ ಪತ್ರಿಕೆಯಲ್ಲಿ "ಗಿಟಾರ್ ಇಲ್ಲದ ಗಿಟಾರಿಸ್ಟ್" ಎಂದು ಆರು ಪುಟದ ಲೇಖನ ಬರೆದು, ಅದನ್ನು ತಮ್ಮಿಂದಲೇ ಗಟ್ಟಿಯಾಗಿ ಓದಿಸಿದೆ. ಓದಿ ಮುಗಿಸಿ ತಾವು, "ನಿನಗೆ ಕಿವಿ ಇದೆಯೇನೋ?" ಎಂದಿರಿ. "ಎರಡಿವೆ ಭಾವ" ಎಂದೆ.

೫. ಆ ಏಳು ನಿಮಿಷ ತಮಗೇಕೆ ಅಷ್ಟು ದೊಡ್ಡದು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಆರು ವರ್ಷದ ಹಿಂದೆ ತಾವು ಕೆಲಸದಲ್ಲಿದ್ದಾಗ ಲಿಫ್ಟಿನ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡು ಐದು ತಿಂಗಳು ಹಾಸಿಗೆ ಹಿಡಿದಿರಿ. ಸಭೆಗಳು ತಮ್ಮ ಮಂಚದ ಪಕ್ಕದಲ್ಲೇ ನಡೆದವು. ನಾನು ಒಂದು ವಾರವೂ ತಪ್ಪಿಸಿಲ್ಲ, ಹಾಜರಿ ಪುಸ್ತಕ ನೋಡಬಹುದು. ಎದ್ದು ನಡೆಯುವುದನ್ನು ಅಭ್ಯಾಸ ಮಾಡಿ ಎಂದು ಡಾಕ್ಟರು ಹೇಳಿದಾಗ ತಾವು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಆ ಸೋಲೋ ಹಾಕಿಕೊಂಡು ಪಡಸಾಲೆಯಲ್ಲಿ ಹೆಜ್ಜೆ ಇಟ್ಟಿರಿ. ಮೊದಲ ದಿನ ಅರ್ಧ ನಿಮಿಷ. ಆಮೇಲೆ ಒಂದು, ಎರಡು. ಏಳೂ ನಿಮಿಷ ನಡೆದ ದಿನ ಮೊದಲು ಫೋನ್ ಮಾಡಿದ್ದು ನನಗೆ.

"ಪೂರ್ತಿ ನಡೆದೆ ಕಣೋ. ನಾಲ್ಕನೇ ನಿಮಿಷದಲ್ಲಿ ಅವನು ತಡೆದು ನಿಂತು ಮತ್ತೆ ಮೆಲ್ಲಗೆ ಹೊರಡ್ತಾನಲ್ಲ, ಅಲ್ಲಿ ಕೋಲನ್ನ ಗೋಡೆಗೆ ಒರಗಿಸಿಬಿಟ್ಟೆ."

ನಾನು ಹೂಂ ಹೂಂ ಎಂದೆ. ನನ್ನ ಮನೆಯ ಆಲ್ಬಮ್‌ನಲ್ಲಿ ನಾಲ್ಕನೇ ನಿಮಿಷದಲ್ಲಿ ಯಾರೂ ತಡೆದು ನಿಲ್ಲುತ್ತಿರಲಿಲ್ಲ.

೬. ಕಳೆದ ಗುರುವಾರ ನನ್ನ ಮನೆಯವಳ ಸೂಜಿ ಡಬ್ಬಿ ಬೀರುವಿನ ಹಿಂದಕ್ಕೆ ಬಿತ್ತು. ಬೀರು ಸರಿಸಿ ಬಗ್ಗಿದವಳು ಅಲ್ಲಿಂದಲೇ ಕೇಳಿದಳು.

"ರೀ, ಇಲ್ಲೊಂದು ತಂತಿ ಇದೆ. ಎಲ್ಲಿಗೂ ಹೋಗಿಲ್ಲ."

"ಎಲ್ಲಿಗೂ ಹೋಗಿಲ್ಲ ಅಂದ್ರೆ?"

"ಸುಮ್ನೆ ನೆಲದ ಮೇಲೆ ಬಿದ್ದಿದೆ. ನಾನು ಇಸ್ತ್ರಿ ಬಟ್ಟೆ ಇಡೋ ಸ್ಟೂಲಿಂದ ಬಂದಿದೆ. ಸ್ಟೂಲಿಗ್ಯಾಕ್ರೀ ತಂತಿ?"

ಮಾನ್ಯರೇ, ಅದು ಸ್ಟೂಲಲ್ಲ, ಬಲಗಡೆಯ ಸ್ಪೀಕರ್. ಹನ್ನೆರಡು ವರ್ಷದ ಹಿಂದೆ ಈ ಮನೆಗೆ ಬಂದಾಗ ಬೀರುವನ್ನು ಒತ್ತರಿಸಿ ನಿಲ್ಲಿಸಿದವನು ನಾನೇ. ಆಗಲೇ ತಂತಿ ಕಿತ್ತುಬಂದಿದೆ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ಹಾಡಿದ್ದು ಎಡಗಡೆಯ ಸ್ಪೀಕರ್ ಒಂದೇ. ಮೊದಲ ನಾಲ್ಕು ಆಲ್ಬಮ್‌ಗಳು ಹಳೆಯ ಮನೆಯಲ್ಲೇ ಬಾಯಿಪಾಠವಾಗಿದ್ದವು, ಕೇಳಿಸದೆ ಉಳಿದದ್ದನ್ನು ನೆನಪೇ ತುಂಬಿಕೊಟ್ಟಿತು. ಐದನೆಯದು ಕೈಗೆ ಸಿಕ್ಕಿದ್ದು ಇಲ್ಲಿಗೆ ಬಂದ ಮೇಲೆ. ಅದರಲ್ಲಿ ಆರ್ಗನ್ ಪೂರ್ತಿ ಎಡ ಸ್ಪೀಕರಿಗೆ, ಗಿಟಾರ್ ಪೂರ್ತಿ ಬಲ ಸ್ಪೀಕರಿಗೆ. ಎಡಗೈಯವನು ಇಷ್ಟು ವರ್ಷ ನಮ್ಮ ಮನೆಯ ಇಸ್ತ್ರಿ ಬಟ್ಟೆಯ ಕೆಳಗೆ ಬಾಯಿ ಮುಚ್ಚಿಕೊಂಡು ಕೂತಿದ್ದ.

ನಾನು ಇದನ್ನೆಲ್ಲ ವಿವರಿಸಿದ ಮೇಲೆ ಮನೆಯವಳು ಸೂಜಿ ಡಬ್ಬಿಯ ಧೂಳು ಕೊಡವುತ್ತ, "ದಿನಾ ಹತ್ತು ಜನಕ್ಕೆ ಎಡಗಣ್ಣು ಮುಚ್ಚಿ, ಬಲಗಣ್ಣು ಮುಚ್ಚಿ ಅಂತ ಹೇಳಿ ಪರೀಕ್ಷೆ ಮಾಡ್ತೀರಲ್ಲ" ಎಂದಷ್ಟೇ ಅಂದಳು.

೭. ತಂತಿ ಜೋಡಿಸಿ, ನೆಲದ ಮೇಲೆ ಕೂತು, ಎರಡನೇ ಬದಿ ಹಾಕಿದೆ.

ಈ ಅಂಶದ ಬಗ್ಗೆ ವಿವರವಾದ ವರದಿ ಸಲ್ಲಿಸಲು ಮೂರು ಸಲ ಪ್ರಯತ್ನಿಸಿ ಹಾಳೆ ಹರಿದೆ. ಸಂಕ್ಷಿಪ್ತವಾಗಿ: ಅವನು ನುಡಿಸುತ್ತಾನೆ. ಮೊದಲ ಸ್ವರ ಬಂದಾಗ ಯಾರೋ ಕೋಣೆಯೊಳಗೆ ಬಂದರೆಂದು ತಿರುಗಿ ನೋಡಿದೆ. ನಾಲ್ಕನೇ ನಿಮಿಷದಲ್ಲಿ ಅವನು ತಡೆದು ನಿಂತ. ಮತ್ತೆ ಮೆಲ್ಲಗೆ, ಕಾಲು ತಡೆದೀತೋ ಇಲ್ಲವೋ ಎಂದು ನೋಡಿಕೊಂಡು ಹೆಜ್ಜೆ ಇಡುವವನ ಹಾಗೆ, ಹೊರಟ. ನನಗೆ ಅಳು ಬಂತು. ಮುಜುಗರವಾಯಿತು, ಆದರೂ ಅತ್ತೆ. ಮತ್ತೊಮ್ಮೆ ಹಾಕಿದೆ, ಮತ್ತೊಮ್ಮೆ ಅತ್ತೆ. ಗಡ್ಡದವನು ನನಗೆ ಈಗಲೂ ಪ್ರಿಯನೇ, ಆದರೆ ಅವನು ಈ ಕೆಲಸ ಮಾಡಲಾರ. ಇದನ್ನು ಬರೆದುಕೊಡುತ್ತಿದ್ದೇನೆ, ತಾವು ಇಟ್ಟುಕೊಳ್ಳಬಹುದು.

೮. ಪುಟ ೨೧೨ರ ಬಗ್ಗೆ. ಆ ಭಾನುವಾರ ಮಾತಿಗೆ ಮಾತು ಬೆಳೆದು ತಾವು ಹೇಳಿದ್ದು: "ಆ ಏಳು ನಿಮಿಷ ಇಲ್ಲದಿದ್ರೆ ನಾನು ಎದ್ದು ನಡೀತಿರ್ಲಿಲ್ಲ ಕಣೋ."

ನಾನು ಹೇಳಿದ್ದು: "ಬಿದ್ದಾಗ ತಲೆಗೂ ಪೆಟ್ಟಾಗಿತ್ತು ಅಂತ ಕಾಣುತ್ತೆ ಭಾವ. ಡಾಕ್ಟರು ಸರಿಯಾಗಿ ನೋಡಲಿಲ್ಲ."

ಬೇಕರಿಯವರು ನಗಲಿಲ್ಲ. ತಾವು ಚೀಲ ತೆಗೆದುಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಿರಿ, ಮತ್ತೆ ಸಭೆಗೆ ಬಂದಿಲ್ಲ. ಸಭೆಯಲ್ಲಿ ಆಡಿದ್ದನ್ನೆಲ್ಲ ಬರೆಯಬೇಕೆಂಬ ನಿಯಮವಿದ್ದ ಕಾರಣ ನಾನು ಆ ವಾಕ್ಯವನ್ನೂ ಬರೆದೆ, ಅದರ ಕೆಳಗೆ "ಅಧ್ಯಕ್ಷರು ಹೊರನಡೆದರು, ಸಭೆ ಮುಂದುವರಿಯಿತು" ಎಂದೂ ಬರೆದೆ. ಸಭೆ ಮುಂದುವರಿಯಲಿಲ್ಲ. ನಾನೂ ಬೇಕರಿಯವರೂ ಕಣ್ಣು ಪರೀಕ್ಷೆಯ ಫಲಕ ನೋಡುತ್ತ ಕೂತಿದ್ದೆವು. ಅದು ಸುಳ್ಳು ನಮೂದು, ತಪ್ಪೊಪ್ಪಿಕೊಳ್ಳುತ್ತೇನೆ.

ಮರುದಿನವೇ ಬಂದು ಕ್ಷಮೆ ಕೇಳಬಹುದಿತ್ತು. ಸೋಲೋ ವಿಷಯದಲ್ಲಿ ನಾನು ಸರಿ ಇದ್ದೇನೆ, ಆದ್ದರಿಂದ ಆ ಮಾತೂ ಅಷ್ಟೇನೂ ತಪ್ಪಲ್ಲ ಎಂದು ಏಳು ತಿಂಗಳು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಈಗ ತಂತಿ ಸಿಕ್ಕಿದೆ. ಆದರೆ ತಂತಿಯನ್ನು ನೆಪವಾಗಿ ಮುಂದಿಡುತ್ತಿಲ್ಲ. ಎಡಗೈಯವನು ನಿಜವಾಗಿಯೂ ಏಳು ನಿಮಿಷ ಸುಮ್ಮನೆ ನಿಂತಿದ್ದಿದ್ದರೂ, ಐದು ತಿಂಗಳು ಮಂಚದ ಪಕ್ಕ ಕೂತಿದ್ದವನು ಆ ಮಾತು ಆಡಬಾರದಿತ್ತು. ತಪ್ಪಾಯ್ತು ಭಾವ.

(ಕೊನೆಯ ಎರಡು ಪದಗಳು ಕಚೇರಿ ಭಾಷೆಯಲ್ಲಿಲ್ಲ. ತಿದ್ದದೆ ಹಾಗೆಯೇ ಓದಿಕೊಳ್ಳತಕ್ಕದ್ದು.)

೯. ಮೊನ್ನೆ ಅಕ್ಕನ ಕೈಯಲ್ಲಿ ಹೇಳಿಕಳಿಸೋಣವೆಂದು ತಮ್ಮ ಮನೆಯ ಮೆಟ್ಟಿಲವರೆಗೆ ಬಂದಿದ್ದೆ. ಅಕ್ಕ ಸೊಪ್ಪಿನ ಚೀಲ ಹಿಡಿದು ಇಳಿಯುತ್ತಿದ್ದಳು.

"ಅಕ್ಕಾ, ಭಾವನಿಗೆ ಒಂದು ಮಾತು..."

"ನಿಮ್ಮಿಬ್ಬರ ಮಧ್ಯೆ ಓಡಾಡೋಕೆ ನನ್ನ ಮಂಡಿ ಚೆನ್ನಾಗಿಲ್ಲ. ಹೇಳೋದಿದ್ರೆ ನೀನೇ ಹೇಳು, ಇಲ್ಲ ಬರೆದು ಕೊಡು. ಬರೆಯೋಕೆ ಬರುತ್ತಲ್ಲ ನಿನಗೆ, ಆರು ಪುಟ ಬರೆದಿದ್ಯಲ್ಲ." ನಾಲ್ಕು ಮೆಟ್ಟಿಲು ಇಳಿದವಳು ನಿಂತಳು. "ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶೂ ಹಾಕ್ಕೊಂಡು ಬಾಗಿಲ ಹತ್ರ ಕೂರ್ತಾರೆ ಕಣೋ. ಹನ್ನೊಂದಕ್ಕೆ ಬಿಚ್ಚಿಡ್ತಾರೆ. ಏಳು ತಿಂಗಳಾಯ್ತು. ನಾನು ಏನೂ ಕೇಳೋಕೆ ಹೋಗಿಲ್ಲ."

ಇದು ಅಧಿಕೃತವಾಗಿ ದೊರೆತ ಮಾಹಿತಿಯಲ್ಲ. ಆದರೂ ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

೧೦. ಬೇಕರಿಯವರು ಕ್ಷೇಮ. ಏಳು ತಿಂಗಳಿಂದ ಕೊನೆಗೆ ಮಾತಾಡುವವನು ನಾನೊಬ್ಬನೇ ಆದ್ದರಿಂದ ಅವರು ಎಲ್ಲದಕ್ಕೂ ಹೌದೆನ್ನುತ್ತಿದ್ದಾರೆ. ಇಷ್ಟು ಬೇಸರದ ಗೆಲುವನ್ನು ನಾನು ಕಂಡಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಐದನೇ ಆಲ್ಬಮನ್ನು ನನ್ನ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಏರಿಸಿಕೊಳ್ಳಲು ಅನುಮತಿ ನೀಡಬೇಕಾಗಿಯೂ, "ಗಿಟಾರ್ ಇಲ್ಲದ ಗಿಟಾರಿಸ್ಟ್" ಲೇಖನವನ್ನು ಹಿಂಪಡೆಯಲು ಅವಕಾಶ ಕೊಡಬೇಕಾಗಿಯೂ, ನಡಾವಳಿಯ ಸಾಲನ್ನು ಹೊಡೆಯುವ ಅಧಿಕಾರ ಅಧ್ಯಕ್ಷರೊಬ್ಬರಿಗೇ ಇರುವ ಕಾರಣ ಪುಟ ೨೧೨ರ ಆ ವಾಕ್ಯವನ್ನು ತಮ್ಮ ಕೈಯಾರೆ ಹೊಡೆದುಹಾಕಬೇಕಾಗಿಯೂ ಪ್ರಾರ್ಥಿಸುತ್ತೇನೆ. ಪೆನ್ನು ನಾನೇ ಒದಗಿಸುತ್ತೇನೆ.

ತಮ್ಮ ವಿಶ್ವಾಸಿ ಹಾಗೂ ಭಾಮೈದ,
(ಸಹಿ)
ಕಾರ್ಯದರ್ಶಿ

ಲಗತ್ತುಗಳು:
೧. "ಗಿಟಾರ್ ಇಲ್ಲದ ಗಿಟಾರಿಸ್ಟ್", ಆರು ಪುಟ, ನಡುವೆ ಹರಿದದ್ದು.
೨. ತಂತಿಯ ತುದಿ, ಒಂದು ಅಂಗುಲ. ಧೂಳು ಸಮೇತ.
೩. ಮನೆಯವಳ ಹೇಳಿಕೆ: "ಅದು ಸ್ಟೂಲ್ ಅಂತಲೇ ನಾನು ತಿಳಿದಿದ್ದೆ." ಸಹಿ ಇದೆ.
೪. ಬೇಕರಿಯವರ ಶಿಫಾರಸು ಪತ್ರ. ಇಬ್ಬರದೂ ಸರಿ ಎಂದು ಬರೆದಿದ್ದಾರೆ. ಬೇರೇನೂ ಬರೆಯಲು ಒಪ್ಪಲಿಲ್ಲ.
೫. ನಡಾವಳಿ ಪುಸ್ತಕವನ್ನು ಲಗತ್ತಿಸಿಲ್ಲ. ನಿಯಮದ ಪ್ರಕಾರ ಅದು ಅಂಗಡಿಯಿಂದ ಹೊರಗೆ ಬರುವಂತಿಲ್ಲ.

ವಿಶೇಷ ಕೋರಿಕೆ: ಈ ಅರ್ಜಿಯನ್ನು ತಿರಸ್ಕರಿಸುವ ಪೂರ್ಣ ಅಧಿಕಾರ ತಮಗಿದೆ. ಹಾಗೆ ತಿರಸ್ಕರಿಸುವುದಾದಲ್ಲಿ ಕಾರಣಗಳನ್ನು ಕಾಗದದಲ್ಲಿ ಬರೆದು ಕಳಿಸಬಾರದು. ತಾವೇ ಖುದ್ದಾಗಿ ಬಂದು, ಕೂತು, ಒಂದೊಂದನ್ನೂ ಬಾಯಿಬಿಟ್ಟು ಹೇಳಬೇಕು. ಕಾರಣಗಳು ಬಹಳ ಇರುವುದರಿಂದ ಎಷ್ಟು ಭಾನುವಾರ ಬೇಕಾದರೂ ತೆಗೆದುಕೊಳ್ಳಬಹುದು.