ಇಲ್ಲಿ ಹಾಡು, ಚಿತ್ರ ಎರವಲು ಸಿಗುತ್ತವೆ

ಫಜೀತಿ ಒಂದೆರಡು ಸಲ ಆಗಿದ್ದರೆ ನಾನೂ ಮರೆತುಬಿಡುತ್ತಿದ್ದೆ. ಆದರೆ ಬಾಗಲಕೋಟೆಯ ವಾಚನಾಲಯದಲ್ಲಿ ಹಂಗಾಮಿ ಗುಮಾಸ್ತನಾಗಿದ್ದ ದಿನಗಳಲ್ಲಿ ಒಂದು ಫಜೀತಿ ಎದ್ದು ಹೋಗಿ ಚಪ್ಪಲಿ ಮೆಟ್ಟುವುದರೊಳಗೆ ಇನ್ನೊಂದು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಿರುತ್ತಿತ್ತು.

ಅದು ಐವತ್ತರ ದಶಕ. ನನಗೋ ಮೊದಲಿನಿಂದಲೂ ಕೂತಲ್ಲಿ ಕೂಡುವ ಸ್ವಭಾವವಿಲ್ಲ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಿತ್ತು. ಲೈಬ್ರರಿಯಲ್ಲಿ ನೌಕರಿ ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ಸಮಾಧಾನಪಟ್ಟವಳು ನಮ್ಮವ್ವ. "ಪುಸ್ತಕದ ನಡುವ ಕೂತರ ಇವನ ಕಾಲಾಗಿನ ಇರಿವಿ ಇಳೀತಾವ," ಎಂದಿದ್ದಳು. ನಾನು ಸೇರಿದ ಎರಡೇ ತಿಂಗಳಿಗೆ ಊರಿನ ಒಬ್ಬ ದೊಡ್ಡ ಮನುಷ್ಯರು ವಾಚನಾಲಯಕ್ಕೆ ಒಂದು ಗ್ರಾಮಫೋನು, ನಲವತ್ತು ಹಾಡಿನ ಪ್ಲೇಟು ದಾನ ಕೊಟ್ಟರು. ಅದರ ಬೆನ್ನಿಗೇ ಸರಕಾರದಿಂದ ಒಂದು ಸಿನಿಮಾ ಮಷೀನು, ಅದಕ್ಕೆ ಕರೆಂಟು ಕೊಡುವ ಸಣ್ಣ ಇಂಜಿನ್ನು, ಒಂದು ಪೆಟ್ಟಿಗೆ ರೀಲು ಬಂದವು. ಒಕ್ಕಲುತನ, ಆರೋಗ್ಯ, ಹಳೆಯ ಗುಡಿಗಳು, ಹೀಗೆ ಮಾಹಿತಿ ಕೊಡುವ ಚಿತ್ರಗಳು. ಮಂದಿ ಅವಕ್ಕೆ 'ಸರಕಾರಿ ಸಿನಿಮಾ' ಅನ್ನುತ್ತಿದ್ದರು.

ನಮ್ಮ ಕಾರ್ಯದರ್ಶಿಗಳು ಒಬ್ಬ ವಕೀಲರು. ನನ್ನನ್ನು ಕರೆದು ಹೇಳಿದರು: "ನೋಡ್ರಿ, ಪುಸ್ತಕ ಕೊಟ್ಟಂಗ ಇವನ್ನೂ ಮಂದಿಗೆ ಎರವಲು ಕೊಡೋಣು. ಪ್ಲೇಟು ಅವರು ಮನಿಗೆ ಒಯ್ಯಲಿ. ಸಿನಿಮಾ ಕೇಳಿದ ಊರಿಗೆ ಮಷೀನು ತಗೊಂಡು ನೀವ ಹೋಗ್ರಿ. ಒಂದು ವರ್ಷ ಒಂದೂ ಪ್ಲೇಟು ಕೆಡದಂಗ ನಡಸಿದಿರಿ ಅಂದ್ರ ನಿಮ್ಮ ನೌಕರಿ ಕಾಯಂ."

"ಒಂದು ಕೆಟ್ಟರ ರಾಯರ?"

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಅವತ್ತಿನಿಂದ ನನ್ನ ಎರಡನೆಯ ಮೊಣಕಾಲೂ ಕುಣಿಯಲು ಶುರುವಾಯಿತು.

ಕಪಾಟಿನೊಳಗಿನ ಗವಾಯಿ

ವಾಚನಾಲಯದ ನಿಯಮಗಳನ್ನೆಲ್ಲ ಬರೆದವರು ವಕೀಲರೇ. ಮೊದಲನೆಯದು, ಒಳಗೆ ಯಾರೂ ಸಪ್ಪಳ ಮಾಡಬಾರದು. ಹೊಸದಾಗಿ ಸೇರಿಸಿದ್ದು, ತಿರುಗಿ ಬಂದ ಪ್ಲೇಟನ್ನು ಗುಮಾಸ್ತ ಪೂರ್ತಿ ಬಾರಿಸಿ, ಗೀರು ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಒಳಗಿಡಬೇಕು.

"ರಾಯರ, ಬಾರಿಸಿದ್ರ ಸಪ್ಪಳ ಆಗ್ತದಲ್ರೀ," ಎಂದೆ.

"ಎರಡೂ ನಿಯಮ ನಾನ ಬರದೇನಿ. ಎರಡೂ ನಡೀಬೇಕು," ಎಂದು ಕೋರ್ಟಿಗೆ ಹೋದರು.

ನಾನು ಉಪಾಯ ಮಾಡಿದೆ. ಹಿಂದಿನ ಕೋಣೆಯಲ್ಲಿ ಹಳೆಯ ವರದಿಗಳನ್ನಿಟ್ಟಿದ್ದ ದೊಡ್ಡ ಕಪಾಟಿತ್ತು. ಅದರ ಕೆಳಗಿನ ಖಾನೆ ಖಾಲಿ ಮಾಡಿ, ಗ್ರಾಮಫೋನು ಒಳಗಿಟ್ಟು, ಮನೆಯಿಂದ ಕೌದಿ ತಂದು ಅದರ ಮೇಲೂ ನನ್ನ ತಲೆಯ ಮೇಲೂ ಹೊದ್ದುಕೊಂಡು, ಅರ್ಧ ಮೈ ಒಳಗೆ ತೂರಿಸಿ ಪ್ಲೇಟು ಕೇಳುತ್ತಿದ್ದೆ. ಬ್ಯಾಸಗಿಯ ಬಾಗಲಕೋಟೆಯಲ್ಲಿ ಕೌದಿಯೊಳಗೆ ಕೂತು ಶಾಸ್ತ್ರೀಯ ಸಂಗೀತ ಕೇಳಿದವನು ನಾನೊಬ್ಬನೇ ಇರಬೇಕು.

ಒಂದು ದಿನ ಬಹಳ ಕರುಣೆಯ ರಾಗವೊಂದನ್ನು ಹಾಗೆ ಕೇಳುತ್ತಿದ್ದೆ. ಹೊರಗೆ ದಿನಾ ಪತ್ರಿಕೆ ಓದಲು ಬರುವ ರಿಟಾಯರ್ಡ್ ಹೆಡ್ ಮಾಸ್ತರರು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಕಪಾಟಿನಿಂದ ಹೊರಗಿರುವುದು ನನ್ನ ಎರಡು ಕಾಲು ಮಾತ್ರ. ಕಾಲು ಅದುರುತ್ತಿವೆ, ಒಳಗಿನಿಂದ ಅಳುವ ದನಿ. ಅವರು ಹತ್ತಿರ ಬಂದು ನನ್ನ ಪಾದ ಮುಟ್ಟಿ, ಮೆಲ್ಲಗೆ ಹೇಳಿದರು: "ತಮ್ಮಾ, ಹಂಗಾಮಿ ನೌಕರಿ ಅಂತ ಇಷ್ಟು ಮನಸಿಗೆ ಹಚ್ಚಿಕೋಬ್ಯಾಡೋ. ನಾ ವಕೀಲರಿಗೆ ಹೇಳ್ತೇನಿ, ಹೊರಗ ಬಾ."

ಇಳಕಲ್ಲಿನ ಮಗ್ಗ

ಇಳಕಲ್ಲಿನ ಒಬ್ಬ ನೇಕಾರ ಯಜಮಾನರ ಮನೆಯಲ್ಲಿ ಸ್ವಂತ ಗ್ರಾಮಫೋನಿತ್ತು, ನಾಲ್ಕು ಮಗ್ಗಗಳಿದ್ದವು. ನೇಯುವವರಿಗೆ ಬ್ಯಾಸರಾಗಬಾರದೆಂದು ನಮ್ಮಲ್ಲಿಂದ ನಿಧಾನವಾಗಿ ಆಲಾಪಿಸುವ ಖ್ಯಾಲ್ ಗಾಯನದ ಒಂದು ಪ್ಲೇಟು ಒಯ್ದರು. ಎಂಟು ದಿನದ ವಾಯಿದೆ. ಹದಿನೈದು ದಿನವಾದರೂ ಪತ್ತೆಯಿಲ್ಲ. ನನಗೆ ಕನಸಿನಲ್ಲೆಲ್ಲ ಪ್ಲೇಟು ಒಡೆದ ಸದ್ದು. ತಡೆಯಲಾರದೆ ಬಸ್ಸು ಹತ್ತಿ ಇಳಕಲ್ಲಿಗೆ ಹೋದೆ.

ಓಣಿಯ ತುಂಬ ಮಗ್ಗಗಳು ಖಟಕ್ ಖಟಕ್ ಎಂದು ಓಡುತ್ತಿದ್ದವು. ಯಜಮಾನರ ಮನೆಯೊಳಗಿಂದ ಮಾತ್ರ 'ಖಟ್' ಎಂದು ಒಂದು ಸದ್ದು, ಆಮೇಲೆ ನಾನು ಕಾಲೊರೆಸಿಕೊಂಡು ಪಡಸಾಲೆಗೆ ಬರುವಷ್ಟು ಹೊತ್ತು ಸುಮ್ಮನೆ, ಆಮೇಲೆ ಇನ್ನೊಂದು 'ಖಟ್'. ಯಾರಿಗೋ ಆರಾಮಿಲ್ಲವೇನೋ ಎಂದು ಗಾಬರಿಯಾದೆ. ನೋಡಿದರೆ ನಾಲ್ಕೂ ಮಗ್ಗದವರು ಲಾಳಿ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ತಲೆ ತೂಗುತ್ತಿದ್ದಾರೆ. ಪ್ಲೇಟು ಹಾಡುತ್ತಿದೆ.

ಯಜಮಾನರು ನನ್ನ ಕೈ ಹಿಡಿದುಕೊಂಡರು. "ಬಂದ್ರ್ಯಾ? ಪುಣ್ಯಾ ಬರ್ತೈತಿ, ಇದನ್ನ ಒಯ್ರಿ. ನಾ ಕೊಡಾಕ ಹೊಂಟ್ರ ಈ ಮಂದಿ ಬಿಡವಲ್ರು."

"ಹಾಡು ಛಲೋ ಇಲ್ಲೇನ್ರಿ?"

"ಛಲೋ ಐತಿ, ಅದ ತ್ರಾಸ. ಆ ಗವಾಯಿ 'ಆ' ಅಂತ ಸುರು ಮಾಡ್ತಾರ. ಅದು ಮುಗಿಯೂತನಾ ಇವರು ಲಾಳಿ ಒಗಿಯಂಗಿಲ್ಲ. ಅದು ಮುಗಿಯಂಗಿಲ್ಲ. ಸೀರಿ ಸೆರಗಿಗೆ ಬಂದಿಲ್ಲ ಇನ್ನೂ!"

ನಾನು ಅದನ್ನು ಹಿಂದಕ್ಕೆ ತಂದು, ಜಲ್ದಿ ಓಡುವ ಸಿತಾರಿನ ಪ್ಲೇಟೊಂದನ್ನು ಕಳಿಸಿಕೊಟ್ಟೆ. ನಾಲ್ಕೇ ದಿನಕ್ಕೆ ಯಜಮಾನರು ತಾವೇ ಬಾಗಲಕೋಟೆಗೆ ಬಂದರು. ಬೆವರೊರೆಸಿಕೊಂಡು ಪ್ಲೇಟನ್ನು ಮೇಜಿನ ಮೇಲಿಟ್ಟರು.

"ಇದಕ್ಕೇನಾತ್ರಿ?"

"ಇದರ ಬೆನ್ನ ಹತ್ತಿ ಹುಚ್ಚರಂಗ ಒಗದ್ರು. ನಾಲ್ಕೂ ಮಗ್ಗದಾಗ ಎಳಿ ಹರದು ಕುಂತಾವು." ಒಂದು ಗುಟುಕು ನೀರು ಕುಡಿದು, ಬಹಳ ವಿಚಾರ ಮಾಡಿದವರಂತೆ ಕೇಳಿದರು: "ನಿಮ್ಮಲ್ಲೆ ಹಾಡಿಲ್ಲದ ಪ್ಲೇಟು ಇದ್ರ ಕೊಡ್ರಿ. ಅದು ತಿರುಗೂದು ನೋಡಿದ್ರ ಸಾಕು ನಮ್ಮ ಮಂದಿಗೆ."

ಶಿರೂರಿನಲ್ಲಿ ವ್ಯಾಪಾರ

ಶಿರೂರಿನವರು ದನಕರುಗಳ ಆರೈಕೆಯ ಚಿತ್ರ ಕೇಳಿದ್ದರು. ಸಾಲಿಯ ದೊಡ್ಡ ಕೋಣೆಗೆ ಮಧ್ಯಾಹ್ನವೇ ಕಿಡಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲೆ ಮಾಡಿದರು. ನಟ್ಟ ನಡುವೆ ಒಂದು ಧೋತರವನ್ನು ಪರದೆಯಾಗಿ ಇಳಿಬಿಟ್ಟರು. ಹೊರಗೆ ಇಂಜಿನ್ನು ಬುಡು ಬುಡು ಎನ್ನತೊಡಗಿತು. ಅದು ನಡುವೆ ನಿಂತರೆ ಏನು ಗತಿ ಎಂದು ನಾನು ಮಷೀನಿಗೂ ಇಂಜಿನ್ನಿಗೂ ನಡುವೆ ಓಡಾಡುತ್ತಿದ್ದೆ.

ಪರದೆಯ ಮೇಲೆ ಒಂದು ಭರ್ಜರಿ ಬಿಳಿ ಎತ್ತು ಬಂತು. ಡಾಕ್ಟರು ಅದಕ್ಕೆ ಸೂಜಿ ಚುಚ್ಚುತ್ತಿದ್ದರು. ಡಾಕ್ಟರನ್ನು ಯಾರೂ ನೋಡಲಿಲ್ಲ.

"ಏ, ನಿಂದ್ರಸ್ರಿ, ನಿಂದ್ರಸ್ರಿ!" ಎಂದು ಮುಂದೆ ಕೂತಿದ್ದ, ತಲೆಗೆ ಪಟಗ ಸುತ್ತಿದ ಹಿರಿಯರು ಎದ್ದರು. ಊರಲ್ಲಿ ಎತ್ತು ಕೊಳ್ಳಬೇಕಾದರೆ ಎಲ್ಲರೂ ಇವರನ್ನೇ ಕರೆದೊಯ್ಯುವುದಂತೆ. "ಹಲ್ಲು ಕಾಣವಲ್ದು. ಇನ್ನೊಮ್ಮೆ ತೋರಸ್ರಿ."

"ಅಜ್ಜಾರ, ಇದು ಮಾರೂ ಎತ್ತಲ್ಲರಿ, ಚಿತ್ರ."

"ಚಿತ್ರಾನ ಇರಲಿ. ನೋಡಾಕ ಏನಾಗ್ತೈತಿ?"

ಮೂರು ಸಲ ರೀಲು ತಿರುಗಿಸಿ ತೋರಿಸಿದೆ. ಜನರಲ್ಲಿ ಎರಡು ಪಕ್ಷವಾಯಿತು. ಕೆಲವರು ಕೊಳ್ಳಬಹುದೆಂದರು, ಕೆಲವರು ಕೊರಳು ಸಣ್ಣದೆಂದರು. ಆ ಹಿರಿಯರು ಮಾತ್ರ ಎದ್ದು, ಧೋತರದ ಹಿಂದಕ್ಕೆ ಹೋದರು. ಎತ್ತನ್ನು ಹಿಂದಿನಿಂದ ನೋಡದೆ ಅವರು ಯಾವತ್ತೂ ತೀರ್ಮಾನ ಹೇಳಿದವರಲ್ಲ. ಹಿಂದೆ ಸ್ವಲ್ಪ ಹೊತ್ತು ನಿಂತರು, ಮುಂದೆ ಬಂದು ನೋಡಿದರು, ಮತ್ತೆ ಹಿಂದೆ ಹೋದರು. ಕೊನೆಗೆ ಹೊರಗೆ ಬಂದು ಪಟಗ ಸರಿಮಾಡಿಕೊಂಡರು.

"ಯಾರೂ ತಗೋಬ್ಯಾಡ್ರಿ," ಎಂದರು. "ಮುಂದ ನಿಂತು ನೋಡಿದ್ರ ಎಡಗೋಡು ಸೊಟ್ಟ ಐತಿ, ಹಿಂದ ಹೋಗಿ ನೋಡಿದ್ರ ಬಲಗೋಡು ಸೊಟ್ಟ ಐತಿ. ಸರಕಾರದವರ ಇಂಥಾ ಮೋಸಾ ಮಾಡಿದ್ರ ಹೆಂಗ?"

ಚಾಲುಕ್ಯರ ಬಟಾಟಿ

ಬಾದಾಮಿಯ ಗುಹೆಗಳ ಬಗ್ಗೆ ಒಂದು ಚಿತ್ರವಿತ್ತು. ಅದನ್ನು ಬಾದಾಮಿಯಲ್ಲೇ ತೋರಿಸಬೇಕೆಂದು ಅಲ್ಲಿನ ಮಾಸ್ತರರೊಬ್ಬರು ಎರವಲು ತರಿಸಿದರು. ವಿವರಣೆ ಇಂಗ್ಲಿಷಿನಲ್ಲಿತ್ತು. ಅರ್ಥ ಹೇಳಲು ಗುಹೆಗಳ ಹತ್ತಿರ ಪ್ರವಾಸಿಗಳಿಗೆ ದಾರಿ ತೋರಿಸುವ ಗೈಡೊಬ್ಬರನ್ನು ಕರೆದರು. ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಕೋಲು ಹಿಡಿದು ಬಂದರು. "ದನಿ ಸಣ್ಣದು ಮಾಡ್ರಿ, ನಾ ಹೇಳ್ತೇನಿ," ಎಂದು ನನಗೆ ಅಪ್ಪಣೆ ಕೊಟ್ಟರು.

ಪರದೆಯ ಮೇಲೆ ಮೊದಲ ಗುಹೆಯ ಬಾಗಿಲು ಕಂಡಿತು. ಅವರು ಜನರ ಕಡೆ ಮುಖ ಮಾಡಿ, ಪರದೆಗೆ ಬೆನ್ನು ಹಾಕಿ ಶುರು ಮಾಡಿದರು. ಬಾಗಿಲಿನ ಕಥೆಯೇ ಕಾಲು ತಾಸು. ಅಷ್ಟರಲ್ಲಿ ಚಿತ್ರ ಎರಡನೇ ಗುಹೆ, ಮೂರನೇ ಗುಹೆ, ಕೆರೆ, ಐಹೊಳೆಯ ಗುಡಿ ಎಲ್ಲ ದಾಟಿತು. ಅದೇ ರೀಲಿಗೆ ಅಂಟಿಸಿದ್ದ ಇನ್ನೊಂದು ಚಿತ್ರ ಶುರುವಾಯಿತು. ಅದು ಬಟಾಟಿ, ಅಂದರೆ ಆಲೂಗಡ್ಡೆ, ಬೆಳೆಯುವ ಪದ್ಧತಿಯ ಬಗ್ಗೆ. ನಾನು ಮಷೀನಿನ ಹಿಂದಿನಿಂದ ಕೈ ಮಾಡಿದೆ, ಕೆಮ್ಮಿದೆ, ಎದ್ದು ನಿಂತೆ, ಕೂತೆ. ಗೈಡರಿಗೆ ಭರ ಬಂದಿತ್ತು.

"ಇಲ್ಲೆ ನೋಡ್ರಿ," ಎಂದು ತಿರುಗದೆಯೇ ಕೋಲಿನಿಂದ ಪರದೆ ಬಡಿದರು. "ಈ ದುಂಡು ನೋಡ್ರಿ, ಈ ನುಣುಪು ನೋಡ್ರಿ! ಹದಿಮೂರು ನೂರು ವರ್ಷ ಆತು, ಒಂದು ಚೂರು ಕೆಟ್ಟಿಲ್ಲ. ಚಾಲುಕ್ಯರ ಕೈ ಅಂದ್ರ ಕೈ!"

ಕೋಲಿನ ತುದಿಯಲ್ಲಿ ಒಂದು ಬುಟ್ಟಿ ಬಟಾಟಿ.

ಯಾರೂ ನಗಲಿಲ್ಲ. ಗೈಡರೆಂದರೆ ಊರಿಗೆ ಗೌರವ. ಮಾಸ್ತರರೇ ಕೊನೆಗೆ ಎದ್ದು, "ಅಲ್ರೀ, ಈ ಬಟಾಟಿನೂ ಚಾಲುಕ್ಯರ ಕಾಲದ್ದೇನ್ರಿ?" ಎಂದು ಕೇಳಿದರು.

ಗೈಡರು ತಿರುಗಿ ನೋಡಿದರು. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ಹೇಳಿದರು: "ಹೊಲ ಅವರ ಕಾಲದ್ದು ಮಾಸ್ತರ. ಬೆಳಿ ಅಷ್ಟ ಈಗಿಂದು."

ಸಾವಧಾನ

ವರ್ಷ ತುಂಬಲು ಎಂಟು ದಿನ ಉಳಿದಿದ್ದಾಗ ನನ್ನ ಮದುವೆ. ಹೆಣ್ಣು ಹುನಗುಂದದವಳು, ಸಾಲಿ ಮಾಸ್ತರರ ಮಗಳು. ಹುಡುಗನ ನೌಕರಿ ಕಾಯಂ ಆಗುತ್ತದೆಂಬ ಮಾತಿನ ಮೇಲೆಯೇ ಮಾವನವರು ಒಪ್ಪಿದ್ದರು. ಅಂದರೆ ನಲವತ್ತು ಪ್ಲೇಟು ನೆಟ್ಟಗಿದ್ದರೆ ನೌಕರಿ, ನೌಕರಿ ಇದ್ದರೆ ಸಂಸಾರ.

ಮದುವೆಯ ದಿನ ಮುಂಜಾನೆ ಭಟ್ಟರ ಗಂಟಲು ಕಟ್ಟಿತು. ಸಾಲಾಗಿ ಮೂರು ಮದುವೆ ಮಾಡಿಸಿ ಬಂದಿದ್ದರು. ಮಂತ್ರವನ್ನು ಪಿಸುಮಾತಿನಲ್ಲಿ ಹೇಗೋ ಮುಗಿಸಿದರು. ಆದರೆ ಮಂಗಲಾಷ್ಟಕ ಪಿಸುಗುಟ್ಟುವುದು ಹೇಗೆ? ಅದಕ್ಕೂ ನಮ್ಮ ಲೈಬ್ರರಿಯಲ್ಲಿ ಪ್ಲೇಟಿತ್ತು! ಮದುವೆಯ ಸಂಭ್ರಮಕ್ಕೆಂದು ಗ್ರಾಮಫೋನು, ಸನಾದಿಯ ಪ್ಲೇಟುಗಳ ಜೊತೆ ಅದನ್ನೂ ನನ್ನ ಹೆಸರಿಗೇ ಎರವಲು ಬರೆಸಿ ತಂದಿದ್ದೆ. ವಕೀಲರೂ ಮದುವೆಗೆ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಅವರ ಕಣ್ಣು ನನ್ನ ಮೇಲಿರಲಿಲ್ಲ, ಗ್ರಾಮಫೋನಿನ ಮೇಲಿತ್ತು.

ನನಗೂ ಹುಡುಗಿಗೂ ನಡುವೆ ಅಂತರಪಟ ಹಿಡಿದರು. ಕೈಯಲ್ಲಿ ಹೂಮಾಲೆ. ಹುಡುಗಿಯ ಸೋದರಮಾವ ಕೀಲಿ ಕೊಟ್ಟು ಪ್ಲೇಟು ಹಚ್ಚಿ, ಊಟದ ಏರ್ಪಾಡು ನೋಡಲು ಹೋಗಿಬಿಟ್ಟ. ಒಂದು ಶ್ಲೋಕವಾಯಿತು, 'ಸಾವಧಾನ' ಎಂದಿತು, ಅಂದರೆ ಎಚ್ಚರದಿಂದಿರಿ ಎಂದು. ಜನ ಅಕ್ಕಿಕಾಳು ಹಾಕಿದರು. ಎರಡನೆಯದೂ ಆಯಿತು. ಮೂರನೆಯದರ ಕೊನೆಗೆ ಗ್ರಾಮಫೋನಿನ ಮುಳ್ಳು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡಿತು.

"ಸಾವಧಾನ... ಸಾವಧಾನ... ಸಾವಧಾನ..."

ಪ್ರತಿ ಸಲಕ್ಕೂ ಜನ ನಿಷ್ಠೆಯಿಂದ ಅಕ್ಕಿಕಾಳು ಹಾಕಿದರು. ವಾಜಂತ್ರಿಯವರು ಮುಗಿಯಿತೆಂದು ಊದಲು ಶುರು ಮಾಡುವುದು, ನಿಲ್ಲಿಸುವುದು. ಭಟ್ಟರು ಎರಡೂ ಕೈ ಎತ್ತಿ ಏನೋ ಕೂಗಿದರು, ಗಾಳಿ ಮಾತ್ರ ಬಂತು. ನನಗೆ ಕೇಳಿಸುತ್ತಿದ್ದುದು ಒಂದೇ, ಮುಳ್ಳು ಪ್ಲೇಟನ್ನು ಕೊರೆಯುವ ಕರಕರ. ವಕೀಲರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು.

ನನ್ನಿಂದ ನಿಲ್ಲಲಾಗಲಿಲ್ಲ. ಕೈಯಲ್ಲಿದ್ದ ಮಾಲೆಯನ್ನು ಭಟ್ಟರ ಕೊರಳಿಗೆ ಹಾಕಿ ಓಡಿದೆ.

"ಹಿಡೀರಿ! ವರಾ ಓಡಿ ಹೊಂಟಾನ!" ಎಂದು ಯಾರೋ ಚೀರಿದರು.

"ಮುಳ್ಳು! ಮುಳ್ಳು!" ಎಂದು ನಾನು ಕೂಗಿದೆ. ಇಬ್ಬರು ನನ್ನನ್ನು ಎತ್ತಿ ಹಿಡಿದರು, ಮೂರನೆಯವರು ನನ್ನ ಅಂಗಾಲಲ್ಲಿ ಮುಳ್ಳು ಹುಡುಕತೊಡಗಿದರು. ಮಾವನವರು ಬಂದು ಕೈ ಮುಗಿದರು. "ಅಳಿಯಂದ್ರ, ನಮ್ಮಿಂದ ಏನು ತಪ್ಪಾತು ಹೇಳ್ರಿ. ಮಂದಿ ನಡುವ ಹಿಂಗ ಮಾಡಬ್ಯಾಡ್ರಿ." ಅವರ ಕಣ್ಣಲ್ಲಿ ನೀರಿತ್ತು. ನನ್ನ ಬಾಯಿಂದ 'ಪ್ಲೇ... ಪ್ಲೇ...' ಎನ್ನುವುದರ ಹೊರತು ಏನೂ ಹೊರಡಲಿಲ್ಲ.

ಅಷ್ಟರಲ್ಲಿ ದನಿ ನಿಂತಿತು. ಎಲ್ಲರೂ ತಿರುಗಿ ನೋಡಿದೆವು. ಹುಡುಗಿ ಅಂತರಪಟ ಸರಿಸಿ ಬಂದು, ಗ್ರಾಮಫೋನಿನ ಕೈಯನ್ನು ಎರಡೇ ಬೆರಳಿನಿಂದ, ಹೂವು ಎತ್ತುವಂತೆ ಎತ್ತಿ ಹಿಡಿದು ನಿಂತಿದ್ದಳು. ವರ್ಷವಿಡೀ ಎರವಲು ಕೊಟ್ಟಿದ್ದೆ, ಮುಳ್ಳನ್ನು ಅಷ್ಟು ನಾಜೂಕಾಗಿ ಎತ್ತಿದವರನ್ನು ನಾನು ನೋಡಿರಲಿಲ್ಲ. ವಕೀಲರು ಓಡಿ ಬಂದು ಪ್ಲೇಟನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಗೀರು ಬಿದ್ದಿಲ್ಲ. ನೌಕರಿ ಕಾಯಂ," ಎಂದರು. ಮಾವನವರು ಕಣ್ಣೊರೆಸಿಕೊಂಡು ನಕ್ಕರು. ಭಟ್ಟರ ಕೊರಳಿನ ಮಾಲೆ ತೆಗೆದು ಮದುವೆ ಮುಗಿಸಿದರು.

ಮರುದಿನ ಬಾಗಲಕೋಟೆಯ ಬಸ್ಸಿನಲ್ಲಿ ನಾನು ಪ್ಲೇಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹೆಂಡತಿ ಕಿಡಕಿಯ ಹತ್ತಿರ. ಅವಳು ಮೆಲ್ಲಗೆ, "ಒಂದು ಮಾತು ಕೇಳಲೇನ್ರಿ?" ಎಂದಳು. ಅದು ಅವಳು ನನ್ನೊಡನೆ ಆಡಿದ ಮೊದಲ ಮಾತು.

"ಕೇಳು."

"ಅದು ಹನ್ನೊಂದು ಸಲ ಸಾವಧಾನ ಅಂತು, ನಾ ಎಣಿಸೇನಿ. ಆಮ್ಯಾಲೆ ನೀವು ಓಡಿದ್ರಿ." ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಶಾಣ್ಯಾರಿದ್ರ ಮೊದಲನೇದಕ್ಕ ಓಡ್ತಿದ್ರು."