ವಿಭೂತಿ ಹಚ್ಚಿಸಿಕೊಂಡ ವೈರ್‌ಲೆಸ್ ರೈಲು

"ಈ ಆಯುಧಪೂಜೆಗೆ ನಿಮ್ಮಪ್ಪನ ಬಾಯಿಂದ ಭೇಷ್ ಅನಿಸದಿದ್ರ, ನನ್ನ ಬಿ.ಎಸ್ಸಿ. ಸರ್ಟಿಫಿಕೇಟನ್ನ ಮಿರ್ಚಿ ಕಟ್ಟಾಕ ಕೊಟ್ಟುಬಿಡ್ತೀನಿ!"

೧೯೮೬ರ ಹಬ್ಬದ ಮುನ್ನಾದಿನ ಹೆಂಡತಿ ಶಿವಬಸಮ್ಮನ ಎದುರು ನಾನು ಮಾಡಿದ ಘೋರ ಪ್ರತಿಜ್ಞೆ ಇದು. ಆಕೆ ಒಗ್ಗರಣೆಯಿಂದ ಕಣ್ಣೆತ್ತಲೂ ಇಲ್ಲ.

"ಕೊಡೂದಾದ್ರ ಈಗ ಕೊಡ್ರಿ. ಡಬ್ಬಿ ತಳಕ್ಕ ಹಾಕಾಕ ಒಂದು ದಪ್ಪ ಕಾಗದ ಬೇಕಾಗೈತಿ."

ನಾನು ಕುರುಗೋಡು ಸೀಮೆಯ ಒಕ್ಕಲು ಮನೆತನದವನು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತುವ ಬದಲು ಸಹಿ ಮಾಡಿದ ಮೊದಲ ವ್ಯಕ್ತಿ, ಅದೂ ಇಂಗ್ಲಿಷಿನಲ್ಲಿ! ಬಳ್ಳಾರಿಯ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸುವುದು ನನ್ನ ಉದ್ಯೋಗ. ಊರಲ್ಲಿ ನನ್ನನ್ನು ಕಂಡರೆ ಎಮ್ಮೆಗಳೂ ದಾರಿ ಬಿಡುತ್ತವೆ. ದಾರಿ ಬಿಡದವರು ಒಬ್ಬರೇ, ಸಿರುಗುಪ್ಪದ ನಮ್ಮ ಮಾವ ಕೊಟ್ಟೂರಪ್ಪನವರು. ಮೂವತ್ತು ವರ್ಷ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ಎಂದರೆ ಹೆಗಲ ಮೇಲೆ ಸುತ್ತಿಗೆ ಹೊತ್ತು, ದಿನವೂ ಮೈಲುಗಟ್ಟಲೆ ಹಳಿಗುಂಟ ನಡೆದು, ಸಡಿಲಾದ ಕೀಲುಗಳನ್ನು ಬಡಿದು ಬಿಗಿ ಮಾಡುವವರು. ನಿಶ್ಚಯದ ದಿನ ನನ್ನ ಅಂಗೈ ಹಿಡಿದು ನೋಡಿ, "ಹುಡುಗ ಚಲೋ ಅದಾನ. ಕೈ ಭಾಳ ಮೆತ್ತಗ ಅದಾವ" ಎಂದಿದ್ದರು. ಐದು ವರ್ಷವಾದರೂ ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಈಗ ಮೇಲ್ಮನವಿಯ ಮುಹೂರ್ತ ಕೂಡಿ ಬಂದಿತ್ತು! ನೆರೆಮನೆಯ ಚಾಂದಸಾಬರಿಗೆ ಬ್ರೂಸ್‌ಪೇಟೆಯಲ್ಲಿ ಗಡಿಯಾರದ ಅಂಗಡಿ. ಅವರ ತಮ್ಮ ಕುವೈತಿನಿಂದ ಒಂದು ಆಟಿಕೆ ರೈಲು ತಂದಿದ್ದ. ಇಂಜಿನ್, ನಾಲ್ಕು ಡಬ್ಬಿ, ಹಳಿಯ ಇಪ್ಪತ್ನಾಲ್ಕು ತುಂಡು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ. ಇವೆಲ್ಲವನ್ನೂ ದೂರದಿಂದಲೇ ಆಳಲು, ಏರಿಯಲ್ ಕಡ್ಡಿಯಿರುವ, ಕೆಂಪು ಅಂಕಿಗಳು ಹೊಳೆಯುವ ಒಂದು ಕೈಯಂತ್ರ. ಡಿಜಿಟಲ್! ವೈರ್‌ಲೆಸ್!

"ಮರಿಬಸಪ್ಪ ಸಾರ್," ಎಂದರು ಚಾಂದಸಾಬ್, "ಅಂಗಡಿ ಗಾಜಿನ ಕಪಾಟಿನ್ಯಾಗ ಓಡಿಸಬೇಕಂತ ಖಯಾಲ್ ಐತ್ರಿ. ಕಿತಾಬೆಲ್ಲ ಇಂಗ್ಲಿಷು. ನೀವ ಜೋಡಿಸಿ ಪರೀಕ್ಷಾ ಮಾಡಿ ಕೊಡ್ರಿ. ನಾಳಿ ನಾಕಕ್ಕ ಬಂದು ಒಯ್ತೀನಿ."

ಮೂವತ್ತು ವರ್ಷ ರೈಲು ಕಂಡ ಮಾವನವರ ಎದುರು ವೈರಿಲ್ಲದೆ ರೈಲು ಓಡಿಸುವ ಅಳಿಯ! ಇಂಥ ಯೋಗ ಯಾರ ಜಾತಕದಲ್ಲಿದೆ?

ಹಬ್ಬದ ಮುಂಜಾನೆ ಪಡಸಾಲೆಯಲ್ಲಿ ಹಳಿ ಜೋಡಿಸಿ ಗುಂಡಿ ಒತ್ತಿದೆ. ರೈಲು ಝುಂ ಎಂದು ಮೂರು ಸುತ್ತು ಹಾಕಿತು. ಶಿವಬಸಮ್ಮ ರೊಟ್ಟಿ ಬಡಿಯುವುದನ್ನೇ ಮರೆತಳು.

"ಅಯ್ಯ ಶಿವನ! ನಮ್ಮಪ್ಪ ಬರೂದ್ರೊಳಗ ಪೂಜಿ ಮಾಡಿಬಿಡ್ರಿ. ದೃಷ್ಟಿ ಆದೀತು."

ಇಂಜಿನ್ನಿಗೆ ವಿಭೂತಿ ಹಚ್ಚಿದೆ, ಡಬ್ಬಿಗಳಿಗೆ ಹಚ್ಚಿದೆ. ಏಳಬೇಕು ಎನ್ನುವಾಗ ಆಕೆ ಕೇಳಿದಳು: "ಅಷ್ಟಕ್ಕ ಬಿಟ್ರಿ? ಗಾಲಿ, ಹಳಿ ಏನು ಪಾಪ ಮಾಡ್ಯಾವ?"

ನ್ಯಾಯವಾದ ಮಾತು. ನಾನು ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ವಿಭೂತಿಯನ್ನು ನೀರಲ್ಲಿ ಕಲಸಿ, ಇಪ್ಪತ್ನಾಲ್ಕು ಹಳಿತುಂಡುಗಳಿಗೂ, ಇಪ್ಪತ್ತು ಗಾಲಿಗಳಿಗೂ, ಒಂದೊಂದಕ್ಕೂ ಮೂರು ಬೆರಳಿನಿಂದ ದಪ್ಪವಾಗಿ ಪಟ್ಟೆ ಎಳೆದೆ. ಆ ರೈಲು ಮಠಕ್ಕೆ ಹೊರಟ ಸ್ವಾಮಿಗಳಂತೆ ಕಂಗೊಳಿಸಿತು!

ಹನ್ನೊಂದಕ್ಕೆ ಮಾವನವರು ಬಂದರು. ಕಾಲು ತೊಳೆದು, ಮಂಚದ ಮೇಲೆ ಕೂತು, ಎಲೆಗೆ ಸುಣ್ಣ ಸವರತೊಡಗಿದರು.

"ಮಾವಾರ, ವೈರ್ ಇಲ್ಲದ ಗಾಡಿ ಓಡೂದು ನೋಡ್ರಿ!" ಎಂದು ಏರಿಯಲ್ ಎಳೆದು ಗುಂಡಿ ಒತ್ತಿದೆ. ರೈಲು ಅಲುಗಲಿಲ್ಲ. ಮತ್ತೆ ಒತ್ತಿದೆ. ಗೇಣುದ್ದ ಜಿಗಿದು, ಬಿಕ್ಕಳಿಸಿ ನಿಂತಿತು.

"ಸಿಗ್ನಲ್ ಬಿದ್ದಿಲ್ಲೇನು?" ಎಂದರು ಮಾವನವರು.

"ಹೌದ್ರಿ ಮಾವಾರ, ಸಿಗ್ನಲ್ಲ ಸಮಸ್ಯೆ! ತರಂಗ ಮುಟ್ಟವಲ್ದು!"

ಅಲ್ಲಿಂದ ಶುರುವಾಯಿತು ನನ್ನ ಸಂಶೋಧನೆ. ಕೈಯಂತ್ರಕ್ಕೆ ಟಾರ್ಚಿನ ಸೆಲ್ಲು ಹಾಕಿದೆ, ರೇಡಿಯೋದ ಸೆಲ್ಲು ಹಾಕಿದೆ. ಮಂಡಿಯೂರಿ ಒತ್ತಿದೆ, ಸ್ಟೂಲು ಹತ್ತಿ ಒತ್ತಿದೆ. ಕೊನೆಗೆ ವೈಜ್ಞಾನಿಕ ಸತ್ಯವೊಂದು ಮಿಂಚಿನಂತೆ ಹೊಳೆಯಿತು.

"ಕಬ್ಬಿಣ! ಈ ಸೀಮಿ ಗುಡ್ಡದಾಗೆಲ್ಲ ಕಬ್ಬಿಣದ ಅದಿರು ಐತಿ. ತರಂಗ ಎಲ್ಲಾ ಅತ್ತಾಗ ಎಳಕೊಳ್ಳಾಕತ್ತೈತಿ!"

"ಹೌದೇನ್ರಿ?" ಎಂದಳು ಶಿವಬಸಮ್ಮ. "ಮುಂಜಾನಿ ಓಡಿದಾಗ ಗುಡ್ಡ ಎಲ್ಲಿಗೆ ಹೋಗಿತ್ತು? ಸಂತಿಗೇನು?"

ಗುಡ್ಡ ಸರಿಸುವುದು ನನ್ನ ಕೈಲಾಗದು. ಮನೆಯ ಕಬ್ಬಿಣವನ್ನಾದರೂ ಸರಿಸೋಣವೆಂದು ಅಲಮಾರು, ಟ್ರಂಕು, ಸ್ಟೀಲಿನ ಕೊಡಗಳು, ಹೊಲಿಗೆ ಯಂತ್ರ ಎಲ್ಲವನ್ನೂ ಒಂದೊಂದಾಗಿ ಬೀದಿಗೆ ಸಾಗಿಸಿದೆ. ಮಾವನವರು ಎದ್ದು ಅಲಮಾರಿನ ಒಂದು ತುದಿ ಹಿಡಿದರು.

ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ಸೈಕಲ್ ನಿಲ್ಲಿಸಿ, "ಇಲ್ಲು ಖಾಳೀ ಅಯ್ಯಿಂದಾ ಅಂಡಿ?" ಎಂದು ತೆಲುಗಿನಲ್ಲಿ ಕೇಳಿದರು. ಮನೆ ಖಾಲಿಯಾಯಿತೇ ಎಂದು! ನಾನು ಉತ್ತರಿಸುವ ಮೊದಲೇ ಒಳಗೆ ಹೋಗಿ ಅಡುಗೆಮನೆಯ ಗಾಳಿ-ಬೆಳಕು ನೋಡಿ ಬಂದರು. ಸುದ್ದಿ ಮುಟ್ಟಿ, ಮನೆಯೊಡತಿ ಗಾದೆಮ್ಮನವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಏನ್ ಮಾಸ್ತರ, ಹೇಳದ ಕೇಳದ ಮನಿ ಬಿಡ್ತೀರೇನು? ಅದೂ ಹಬ್ಬದ ದಿನ!"

"ಬಿಡಾಕತ್ತಿಲ್ಲಬೇ ಯವ್ವಾ! ರೈಲು ಬಿಡಾಕತ್ತೀನಿ!"

ಗಾದೆಮ್ಮನವರು ಶಿವಬಸಮ್ಮನತ್ತ ತಿರುಗಿ ಮೆಲ್ಲಗೆ ಕೇಳಿದರು: "ಎಷ್ಟು ದಿನದಿಂದ ಹಿಂಗದಾರ?"

ಮೂರೂವರೆಯ ಹೊತ್ತಿಗೆ ನಾನು ಏರಿಯಲ್ ಕಡ್ಡಿಗೆ ತಾಮ್ರದ ತಂತಿ ಬಿಗಿದು, ಕಿಟಕಿಗೆ ಸುತ್ತಿ, ಬಟ್ಟೆ ಒಣಹಾಕುವ ತಂತಿಯವರೆಗೆ ಎಳೆದಿದ್ದೆ. ಶಿವಬಸಮ್ಮ ಬಗ್ಗಿ, ತಂತಿಯ ಕೆಳಗೆ ನುಸುಳಿ ಬಂದಳು.

"ವೈರ್ ಇಲ್ಲದ ಗಾಡಿಗೆ ಇಷ್ಟು ವೈರಾದ್ರ, ವೈರ್ ಇರೂ ಗಾಡಿಗೆ ಎಷ್ಟು ಬೇಕಾದೀತ್ರಿ!"

ಚಾಂದಸಾಬ್ ಬರುವ ಹೊತ್ತು. ಕುವೈತಿನ ರೈಲನ್ನು ಕೆಡಿಸಿದವನೆಂಬ ಕೀರ್ತಿ ಒಂದು ಕಡೆ, ಮಾವನವರ ಹಳೆಯ ತೀರ್ಪು ಇನ್ನೊಂದು ಕಡೆ. ಬೆವರಿನಿಂದ ತೊಪ್ಪೆಯಾಗಿ ನೆಲಕ್ಕೆ ಕೂತುಬಿಟ್ಟೆ.

ಆಗ ಮಾವನವರು ಎದ್ದರು. ಕೈಯಂತ್ರದತ್ತ ನೋಡಲೂ ಇಲ್ಲ. ಅಭ್ಯಾಸಬಲದಿಂದ ಹಳಿಗುಂಟ ಕುಕ್ಕರುಗಾಲಿನಲ್ಲಿ ಹೊರಟರು. ಒಂದು ಕಡೆ ನಿಂತು ಬೆರಳಿಂದ ಹಳಿ ಉಜ್ಜಿ, ಆ ಬೆರಳನ್ನು ಬೆಳಕಿಗೆ ಹಿಡಿದರು. ಬೆರಳು ಬೆಳ್ಳಗಿತ್ತು.

"ಅಳಿಯಂದ್ರ, ಈ ಗಾಡಿಗೆ ಕರೆಂಟು ಎಲ್ಲಿಂದ ಬರ್ತೈತ್ರಿ?"

"ಪೆಟ್ಟಿಗಿಂದ ಹಳಿಗೆ, ಹಳಿಯಿಂದ ಗಾಲಿಗೆ ಬರ್ತೈತ್ರಿ ಮಾವಾರ. ಕೈಯಾಗಿಂದು ಪೆಟ್ಟಿಗಿಗೆ ಹುಕುಂ ಕೊಡ್ತೈತಿ, ಅಷ್ಟ..."

ಹೇಳುತ್ತ ಹೇಳುತ್ತ ನನ್ನ ದನಿ ಬಾವಿಗೆ ಇಳಿಯಿತು. ಹುಕುಂ ಬೆಳಗಿನಿಂದಲೂ ಸರಿಯಾಗಿಯೇ ಮುಟ್ಟುತ್ತಿತ್ತು! ಹಳಿಗೂ ಗಾಲಿಗೂ ನಡುವೆ ನನ್ನ ಭಕ್ತಿ ದಪ್ಪವಾಗಿ ಕೂತಿತ್ತು! ಒಣಗಿದ ಬೂದಿಯಲ್ಲಿ ವಿದ್ಯುತ್ ಹರಿಯುವುದಿಲ್ಲವೆಂದು ವರ್ಷವರ್ಷವೂ ಹುಡುಗರಿಗೆ ತೋರಿಸಿಕೊಡುವವನು ನಾನೇ. ಆಮೇಲೆ ರೈಲಿನ ಜೊತೆ ಬಂದಿದ್ದ ಪುಸ್ತಕ ತೆರೆದರೆ ಮೊದಲ ಪುಟದಲ್ಲೇ, ಬಟ್ಟೆಯಿಂದ ಹಳಿ ಒರೆಸುತ್ತಿರುವ ಕೈಯ ಚಿತ್ರ. ನಾನು ನೇರ ವೈರ್‌ಲೆಸ್ ಅಧ್ಯಾಯಕ್ಕೆ ಹಾರಿದ್ದೆ.

ಮಾವನವರು ಹೆಗಲ ವಲ್ಲಿಯಿಂದ ಇಪ್ಪತ್ನಾಲ್ಕು ತುಂಡುಗಳನ್ನೂ ಒರೆಸಿದರು. ಗಾಲಿಗಳನ್ನು ನಾನು ಒರೆಸಿದೆ. ಗುಂಡಿ ಒತ್ತಿದರೆ ರೈಲು ಬಿಟ್ಟ ಬಾಣ! ಗಾದೆಮ್ಮನವರು ಚಪ್ಪಾಳೆ ತಟ್ಟಿದರು. ಮನೆ ಕೇಳಲು ಬಂದವರೂ ತಟ್ಟಿದರು. ಮಾವನವರು ಕೈಯಂತ್ರ ಇಸಿದುಕೊಂಡು, ಒಮ್ಮೆ ಮುಂದೆ, ಒಮ್ಮೆ ಹಿಂದೆ ಓಡಿಸಿ, ಬಾಯಿ ತುಂಬ ನಕ್ಕರು. ಮೂವತ್ತು ವರ್ಷ ಗಾಡಿ ಬಂದಾಗ ಪಕ್ಕಕ್ಕೆ ಸರಿದು ನಿಂತವರಿಗೆ ಅಂದು ಮೊದಲ ಸಲ ಗಾಡಿ ಕೈಗೆ ಸಿಕ್ಕಿತ್ತು.

ಸರಿಯಾಗಿ ನಾಲ್ಕಕ್ಕೆ ಚಾಂದಸಾಬ್ ಬಂದರು. ಬೀದಿಯ ಅಲಮಾರು ನೋಡಿ ಗಾಬರಿಯಾಗಿ, ಒಳಗಿನ ರೈಲು ನೋಡಿ ಹಿಗ್ಗಿ, "ವಾಹ್! ಇದು ಯಾರ ಕೈಚಳಕಾರೀ ಕೊಟ್ಟೂರಪ್ಪಾರ?" ಎಂದರು.

ನಾನು ತಲೆ ತಗ್ಗಿಸಿದೆ. ಮಾವನವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ನಮ್ಮ ಅಳಿಯಂದ್ರು ಭೇಷ್ ಅದಾರ್ರೀ ಸಾಬರ! ನಾವು ಒಂದು ಗಾಡಿ ನಿಲ್ಲಿಸಬೇಕಾದ್ರ ಕೆಂಪು ಬಾವುಟ ಹಿಡಕೊಂಡು, ಗಾಲಿ ಹತ್ತಿದ್ರ ಢಂ ಅನ್ನೂ ಪಟಾಕಿ ಹಳಿ ಮ್ಯಾಲೆ ಕಟ್ಟಿ, ಒದರಿಕೋಂತ ಓಡ್ತಿದ್ವಿ. ಇವರು ಒಂದು ಉಂಡಿ ವಿಭೂತಿಯೊಳಗ ನಾಕು ತಾಸು ನಿಲ್ಲಿಸ್ಯಾರ! ಇವರೇನರ ರೈಲ್ವೆದಾಗ ಇದ್ದಿದ್ರ, ಗುಂತಕಲ್ಲಿಂದ ಹುಬ್ಬಳ್ಳಿತನಕ ಒಂದ ಒಂದು ಗಾಡಿ ಅಲುಗ್ತಿದ್ದಿಲ್ಲ!"